ಚಂಡಮಾರುತ ಹೋದ ಮೇಲೆ ಊರು ಕಟ್ಟುವ ಲೆಕ್ಕ: ಅಮೆರಿಕದ ಕೌಂಟಿಗಳ ಮರುನಿರ್ಮಾಣ ಯೋಜನೆ ನಡೆದು ಬಂದ ದಾರಿ

ಫ್ಲಾರಿಡಾದ ಕರಾವಳಿಯ ಯಾವುದೋ ಒಂದು ಕೌಂಟಿ ಕಚೇರಿಗೆ ಹೋಗಿ 'ನಿಮ್ಮ ವಿಪತ್ತಿನ ಯೋಜನೆ ತೋರಿಸಿ' ಎಂದು ಕೇಳಿದರೆ, 'ಯಾವುದು?' ಎಂಬ ಮರುಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ. ಜನರನ್ನು ಸ್ಥಳಾಂತರ ಮಾಡುವುದು, ಶೆಲ್ಟರ್ ತೆರೆಯುವುದು ಹೇಗೆ ಎಂದು ಹೇಳುವ ತುರ್ತು ನಿರ್ವಹಣಾ ಯೋಜನೆ ಒಂದು. ಮುಂದಿನ ಸಲ ಹಾನಿ ಕಡಿಮೆಯಾಗಲು ಏನು ಮಾಡಬೇಕು ಎಂಬ ಮಿಟಿಗೇಶನ್ ಯೋಜನೆ ಇನ್ನೊಂದು. ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂದು ಹೇಳುವ ಸಮಗ್ರ ಭೂಬಳಕೆ ಯೋಜನೆ ಮತ್ತೊಂದು. ವಿಪತ್ತು ಬಂದು ಹೋದ ಮೇಲೆ, ಕೇಂದ್ರ ವಸತಿ ಇಲಾಖೆಯಿಂದ ಹಣ ಪಡೆಯಲು ಬರೆಯುವ 'ಆಕ್ಷನ್ ಪ್ಲಾನ್' ಬೇರೆ. ಇಷ್ಟೆಲ್ಲದರ ನಡುವೆ ಯಾರ ಕಣ್ಣಿಗೂ ಅಷ್ಟಾಗಿ ಬೀಳದ ಒಂದು ದಾಖಲೆ ಇದೆ: ವಿಪತ್ತಿನ ನಂತರದ ಪುನರಭಿವೃದ್ಧಿ ಯೋಜನೆ. ಮೊದಲ ಕೆಲವು ವಾರಗಳ ಗದ್ದಲ ಮುಗಿದ ಮೇಲಿನ ಐದು, ಹತ್ತು ವರ್ಷಗಳಲ್ಲಿ ಊರನ್ನು ಎಲ್ಲಿ, ಹೇಗೆ ಮತ್ತೆ ಕಟ್ಟಬೇಕು ಎಂದು ಹೇಳಬೇಕಾದದ್ದು ಇದೇ. ಇದು ಎಲ್ಲಿಂದ ಬಂತು, ಯಾಕೆ ಹೀಗೆ ಸಿಕ್ಕಾಗಿದೆ ಎಂದು ನೋಡೋಣ.

ಕೌಂಟಿ ಎಂದರೆ ರಾಜ್ಯದೊಳಗಿನ ಜಿಲ್ಲೆಯಂಥ ಘಟಕ. ಅದನ್ನು ನಡೆಸುವುದು ಮೇಲಿನಿಂದ ಬಂದ ಅಧಿಕಾರಿಯಲ್ಲ, ಜನ ಆರಿಸಿದ ಕಮಿಷನರ್‌ಗಳು. ನಗರಗಳ ಗಡಿಯ ಹೊರಗೆ ಮನೆ ಕಟ್ಟಲು ಪರ್ಮಿಟ್ ಕೊಡುವುದು ಸಾಮಾನ್ಯವಾಗಿ ಕೌಂಟಿಯೇ. ಆಸ್ತಿ ತೆರಿಗೆ ಅದರ ಮುಖ್ಯ ಆದಾಯ. ಅಂದರೆ ಮನೆಗಳು ಬೇಗ ಎದ್ದು ನಿಂತಷ್ಟೂ ಕೌಂಟಿಯ ಖಜಾನೆ ಬೇಗ ತುಂಬುತ್ತದೆ. ಈ ಒಂದು ಸಂಗತಿ ನೆನಪಿದ್ದರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಮೊದಲ ನೂರೈವತ್ತು ವರ್ಷ ಬೇಗ ದಾಟಿಬಿಡಬಹುದು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮೌತ್ ಊರು ಸುಟ್ಟ ಮೇಲೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1803ರಲ್ಲಿ ಅಲ್ಲಿನ ವರ್ತಕರಿಗೆ ಸುಂಕ ಕಟ್ಟಲು ಜಾಸ್ತಿ ಕಾಲ ಕೊಟ್ಟಿತು. ಕೇಂದ್ರದ ವಿಪತ್ತು ಪರಿಹಾರ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ. ಅದಾದ ಮೇಲೆ ಬಹಳ ಕಾಲ ಪ್ರತಿ ವಿಪತ್ತಿಗೂ ಒಂದೊಂದು ಕಾನೂನು. 1950ರಲ್ಲಿ ಎಲ್ಲಕ್ಕೂ ಒಂದೇ ಕಾಯ್ದೆ ಬಂತು. 1968ರಲ್ಲಿ ಪ್ರವಾಹ ವಿಮೆ, 1979ರಲ್ಲಿ ವಿಪತ್ತು ನಿರ್ವಹಣೆಗೆ ಫೆಮಾ ಎಂಬ ಕೇಂದ್ರ ಸಂಸ್ಥೆ, 1988ರಲ್ಲಿ ಸ್ಟಾಫರ್ಡ್ ಕಾಯ್ದೆ. ಇವತ್ತಿಗೂ ಹಣ ಹರಿಯುವ ಮುಖ್ಯ ಕಾಲುವೆ ಈ ಸ್ಟಾಫರ್ಡ್ ಕಾಯ್ದೆಯೇ.

ಈ ನಡುವೆ ಒಂದು ಊರಿನ ಮುಂದೆ ಮಾತ್ರ ನಿಲ್ಲಬೇಕು. 1900ರ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ದ್ವೀಪದ ಮೇಲೆ ಚಂಡಮಾರುತ ಬಿದ್ದು ಸುಮಾರು 8,000 ಜನ ಸತ್ತರು. ಎರಡೇ ವರ್ಷಕ್ಕೆ ಗ್ಯಾಲ್ವೆಸ್ಟನ್ ಕೌಂಟಿ ಬಾಂಡ್ ಹೊರಡಿಸಿ, 17 ಅಡಿ ಎತ್ತರದ ಸಮುದ್ರಗೋಡೆ ಕಟ್ಟಲು ಶುರು ಮಾಡಿತು. ಗೋಡೆಯ ಹಿಂದಿನ ಊರಿನಲ್ಲಿ ಮನೆ, ಚರ್ಚು, ಅಂಗಡಿಗಳನ್ನು ಜ್ಯಾಕ್ ಕೊಟ್ಟು ಎತ್ತಿದರು, ಕೆಳಗೆ ಮರಳು ತುಂಬಿದರು. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಹೀಗೆ ಎತ್ತಲಾಯಿತು. 1915ರಲ್ಲಿ ಮತ್ತೆ ದೊಡ್ಡ ಚಂಡಮಾರುತ ಬಂದಾಗ ಗೋಡೆಯ ಒಳಗಿನ ಊರು ಬಹುಮಟ್ಟಿಗೆ ಉಳಿಯಿತು. ಫೆಮಾ ಇಲ್ಲ, ಮಾರ್ಗಸೂಚಿ ಇಲ್ಲ, ಸ್ವಂತ ಸಾಲದ ಹಣ. ಮೊದಲಿದ್ದ ಹಾಗೆ ಕಟ್ಟುವುದಿಲ್ಲ ಎಂಬ ತೀರ್ಮಾನ ಸ್ಥಳೀಯರದ್ದೇ ಆಗಿತ್ತು.

ಸ್ಟಾಫರ್ಡ್ ಕಾಯ್ದೆಯ ತರ್ಕ ಬೇರೆ. ಮುರಿದ ರಸ್ತೆ, ಶಾಲೆ, ಪಂಪ್‌ಹೌಸ್ ರಿಪೇರಿಗೆ ಕೇಂದ್ರ ಕನಿಷ್ಠ ಶೇ 75ರಷ್ಟು ಖರ್ಚು ಕೊಡುತ್ತದೆ. ಆದರೆ ಮೂಲ ಲೆಕ್ಕ 'ವಿಪತ್ತಿಗೆ ಮೊದಲು ಹೇಗಿತ್ತೋ ಹಾಗೆ' ಎಂಬುದು. ಜೊತೆಗೆ ದೊಡ್ಡ ಕೆಲಸಗಳಲ್ಲಿ ಕೌಂಟಿ ಮೊದಲು ಖರ್ಚು ಮಾಡಬೇಕು, ಹಣ ಆಮೇಲೆ ವಾಪಸ್ ಬರುತ್ತದೆ. ಜಾಗ ಬದಲಿಸೋಣ, ಎತ್ತರಿಸೋಣ ಅಂದರೆ ಅದಕ್ಕೆ ಬೇರೆ ಅರ್ಜಿ, ಬೇರೆ ಕಚೇರಿ, ಬೇರೆ ಕಾಲ. ಕೈಯಲ್ಲಿ ದುಡ್ಡು ಕಡಿಮೆ ಇರುವ ಸಣ್ಣ ಕೌಂಟಿ ಯಾವ ದಾರಿ ಹಿಡಿಯುತ್ತದೆ ಎಂದು ಊಹಿಸುವುದು ಕಷ್ಟವಲ್ಲ, ಅಲ್ವಾ?

ಹಾಗಂತ ಬೇರೆ ದಾರಿ ಹಿಡಿದವರು ಇಲ್ಲವೇ ಇಲ್ಲ ಎಂದಲ್ಲ. 1993ರ ಮಿಸಿಸಿಪಿ ಪ್ರವಾಹದ ನಂತರ ಇಲಿನಾಯ್‌ನ ಮನ್ರೋ ಕೌಂಟಿಯ ವಾಲ್ಮೇಯರ್ ಎಂಬ ಸಣ್ಣ ಊರು ನದಿಬಯಲನ್ನು ಬಿಟ್ಟು ಗುಡ್ಡದ ಮೇಲೆ ಹೊಸದಾಗಿ ಎದ್ದಿತು. ಅದೇ ವರ್ಷ ಕಾನೂನು ತಿದ್ದಿ, ಪ್ರವಾಹದ ಜಾಗದ ಮನೆಗಳನ್ನು ಕೊಂಡು ಕೆಡವುವಂಥ ಕೆಲಸಗಳಿಗೆ ಕೇಂದ್ರದ ಪಾಲನ್ನು ಶೇ 50ರಿಂದ 75ಕ್ಕೆ ಏರಿಸಲಾಯಿತು. 2000ದ ಇನ್ನೊಂದು ಕಾಯ್ದೆ, ಮಿಟಿಗೇಶನ್ ಯೋಜನೆ ಬರೆಯದ ಕೌಂಟಿಗೆ ಈ ಬಗೆಯ ಹಣ ಸಿಗದಂತೆ ಮಾಡಿತು. ಕಪಾಟಿನಲ್ಲಿ ಯೋಜನೆಗಳು ಹೆಚ್ಚಲು ಅದೂ ಒಂದು ಕಾರಣ.

ಈಗ ಫ್ಲಾರಿಡಾ. ಈ ವಿಷಯದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ರಾಜ್ಯ ಇದು. ಯಾಕೆಂದರೆ ಬೇರೆಯವರು ವಿಪತ್ತು ಬಂದ ಮೇಲೆ ಯೋಚಿಸಿದ್ದನ್ನು ಇಲ್ಲಿ ಮೊದಲೇ ಯೋಚಿಸಿದ್ದರು.

1985ರಲ್ಲಿ ಫ್ಲಾರಿಡಾ ಬೆಳವಣಿಗೆ ನಿಯಂತ್ರಣ ಕಾಯ್ದೆ ತಂದಿತು. ಪ್ರತಿ ಕೌಂಟಿಗೂ ಭೂಬಳಕೆ ಯೋಜನೆ ಕಡ್ಡಾಯವಾಯಿತು. ಕರಾವಳಿಯ ಕೌಂಟಿಗಳಾದರೆ ವಿಪತ್ತಿನ ನಂತರದ ಪುನರಭಿವೃದ್ಧಿಗೂ ಯೋಜನೆ ಮಾಡಬೇಕು ಎಂದು ಅದರಡಿಯ ನಿಯಮಗಳು ಹೇಳಿದವು. ಉದ್ದೇಶ ಸರಳ. ಆಕಾಶ ನೀಲಿಯಾಗಿರುವಾಗಲೇ ಕೂತು ತೀರ್ಮಾನಿಸಿ: ಯಾವ ಬೀದಿಯಲ್ಲಿ ಮತ್ತೆ ಕಟ್ಟಬೇಕು, ಯಾವುದನ್ನು ಬಿಡಬೇಕು, ತಾತ್ಕಾಲಿಕ ಮನೆಗಳು ಎಲ್ಲಿ, ಪರ್ಮಿಟ್ ಎಷ್ಟು ದಿನ ತಡೆಹಿಡಿಯಬೇಕು. ಆದರೆ ಬಹಳ ಕೌಂಟಿಗಳಲ್ಲಿ ಇದು ಭೂಬಳಕೆ ಯೋಜನೆಯೊಳಗಿನ 'ಮುಂದೆ ಮಾಡಲಾಗುವುದು' ಎಂಬ ಸಾಲಾಗಿಯೇ ಉಳಿಯಿತು. ಬಿಸಿಲು ಚೆನ್ನಾಗಿ ಹೊಡೆಯುತ್ತಿರುವಾಗ ನಿಮ್ಮ ಬೀದಿಯನ್ನು ಮತ್ತೆ ಕಟ್ಟುವುದಿಲ್ಲ ಎಂದು ಮತದಾರರಿಗೆ ಯಾರು ತಾನೇ ಹೇಳುತ್ತಾರೆ?

1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ಡೇಡ್ ಕೌಂಟಿಯ ದಕ್ಷಿಣ ಭಾಗವನ್ನು ನೆಲಸಮ ಮಾಡಿತು. ಅದರಿಂದ ಕಟ್ಟಡ ನಿಯಮಗಳು ನಿಜಕ್ಕೂ ಬದಲಾದವು. ಚಾವಣಿ ಹಾರಿಹೋದ ಮನೆಗಳನ್ನು ನೋಡಿದ ಮೇಲೆ ಯಾರೂ ವಾದಿಸುವಂತಿರಲಿಲ್ಲ. 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಜಾರಿಯಾಯಿತು. ಮನೆ ಹೇಗಿರಬೇಕು ಎಂಬುದಕ್ಕೆ ಉತ್ತರ ಸಿಕ್ಕಿತು. ಮನೆ ಎಲ್ಲಿರಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು.

2004ರಲ್ಲಿ ಚಾರ್ಲಿ, ಫ್ರಾನ್ಸಿಸ್, ಐವನ್, ಜೀನ್ ಎಂಬ ನಾಲ್ಕು ಚಂಡಮಾರುತಗಳು ಆರೇಳು ವಾರದೊಳಗೆ ರಾಜ್ಯಕ್ಕೆ ಅಪ್ಪಳಿಸಿದವು. ಅದೇ ವರ್ಷದ ಕೊನೆಗೆ ಬಂದ ಕೇಂದ್ರದ ಹೊಸ ವಿಪತ್ತು ಸ್ಪಂದನೆ ಯೋಜನೆಯಲ್ಲಿ 'ದೀರ್ಘಾವಧಿ ಸಮುದಾಯ ಚೇತರಿಕೆ' ಎಂಬುದಕ್ಕೆ ಪ್ರತ್ಯೇಕ ವಿಭಾಗವೇ ಸಿಕ್ಕಿತು. ಮರುವರ್ಷ ಕತ್ರಿನಾ ಚಂಡಮಾರುತ ಲೂಯಿಸಿಯಾನದ ನ್ಯೂ ಆರ್ಲೀನ್ಸ್ ನಗರವನ್ನು ಮುಳುಗಿಸಿತು. 2006ರ ಜನವರಿಯಲ್ಲಿ ನ್ಯೂ ಆರ್ಲೀನ್ಸ್‌ನ ಪತ್ರಿಕೆಯಲ್ಲಿ ಒಂದು ನಕ್ಷೆ ಅಚ್ಚಾಯಿತು. ಕೆಲವು ಬಡಾವಣೆಗಳ ಮೇಲೆ ಹಸಿರು ಚುಕ್ಕೆ, ಅಲ್ಲಿ ಉದ್ಯಾನ ಬರಬಹುದು ಎಂಬ ಸೂಚನೆ. ಆ ಮನೆಗಳ ಜನ ಆಗ ಬೇರೆ ಬೇರೆ ರಾಜ್ಯಗಳಲ್ಲಿ ನೆಲೆ ಹುಡುಕುತ್ತಿದ್ದರು. ತಮ್ಮ ಬೀದಿ ನಕ್ಷೆಯಿಂದ ಮಾಯವಾಗುತ್ತಿದೆ ಎಂದು ಅವರಿಗೆ ಗೊತ್ತಾದದ್ದು ಹೀಗೆ. ಸಿಟ್ಟು ಭುಗಿಲೆದ್ದಿತು, ನಕ್ಷೆ ಮೂಲೆ ಸೇರಿತು. ಹಾನಿಯಾದ ಮೇಲೆ, ಜನ ಊರಲ್ಲಿಲ್ಲದಾಗ ಇಂಥ ಗೆರೆ ಎಳೆದರೆ ಯಾರೂ ಒಪ್ಪುವುದಿಲ್ಲ ಎಂಬುದಕ್ಕೆ ಇಂದಿಗೂ ಈ ಹಸಿರು ಚುಕ್ಕೆಗಳನ್ನೇ ತೋರಿಸುತ್ತಾರೆ.

ಇದೆಲ್ಲದರ ನಂತರ ಫ್ಲಾರಿಡಾ ತನ್ನ ಹಳೆಯ ಕಾಯ್ದೆಯ ಧೂಳು ಕೊಡವಿತು. ಹಿಲ್ಸ್‌ಬರೊ, ಸಾರಸೋಟ, ಮ್ಯಾನಟೀ, ಪೋಕ್, ನಾಸೌ ಕೌಂಟಿಗಳು ಮತ್ತು ಪನಾಮ ಸಿಟಿಯಲ್ಲಿ ಪ್ರಾಯೋಗಿಕವಾಗಿ ಪೂರ್ಣ ಯೋಜನೆ ಬರೆಸಿದರು. ಅದರ ಅನುಭವದಿಂದ 2010ರಲ್ಲಿ ರಾಜ್ಯದ ಮಾರ್ಗದರ್ಶಿಯೂ ಬಂತು. ಟ್ಯಾಂಪಾ ಇರುವ ಹಿಲ್ಸ್‌ಬರೊ ಕೌಂಟಿಯ ಯೋಜನೆ ಇವುಗಳಲ್ಲಿ ಹೆಚ್ಚು ಹೆಸರು ಮಾಡಿತು. ವಸತಿ, ಭೂಬಳಕೆ, ಆರ್ಥಿಕತೆ, ಆರೋಗ್ಯ, ಪರಿಸರ ಹೀಗೆ ಒಂದೊಂದಕ್ಕೂ ಸಮಿತಿ ಮಾಡಿ, ನಗರಗಳನ್ನೂ ಉದ್ಯಮದವರನ್ನೂ ಒಟ್ಟಿಗೆ ಕೂರಿಸಿ ಬರೆದದ್ದು ಅದು. ವಿಪತ್ತಿನ ನಂತರ ಮೊದಲು ಯಾವ ಪ್ರದೇಶಕ್ಕೆ ಗಮನ ಕೊಡಬೇಕು ಎಂಬುದನ್ನೂ ಮುಂಚೆಯೇ ಗುರುತಿಸಿದ್ದರು. ಹೀಗೆ ಒಟ್ಟಿಗೆ ಕೂತು ಪರಿಚಯವಾದದ್ದು ಕಡತಕ್ಕಿಂತ ಹೆಚ್ಚಿನ ಲಾಭ ಎಂದು ಈ ಕೆಲಸದಲ್ಲಿರುವವರು ಹೇಳುವುದುಂಟು. ಅದರಲ್ಲಿ ನಿಜವಿದೆ.

ದುರದೃಷ್ಟಕ್ಕೆ ಮರುವರ್ಷವೇ ನೆಲ ಕುಸಿಯಿತು. ಆರ್ಥಿಕ ಹಿಂಜರಿತದ ಕಾಲ. ನಿಯಮ ಜಾಸ್ತಿಯಾಯಿತು ಎಂಬ ಮಾತು ಎಲ್ಲೆಡೆ. 2011ರಲ್ಲಿ ರಾಜ್ಯವು ಆ ಹಳೆಯ ನಿಯಮಗಳನ್ನು ರದ್ದು ಮಾಡಿತು. ಯೋಜನೆಗಳನ್ನು ಪರಿಶೀಲಿಸುತ್ತಿದ್ದ ಸಮುದಾಯ ವ್ಯವಹಾರಗಳ ಇಲಾಖೆಯನ್ನೇ ಮುಚ್ಚಿತು. ತಮಾಷೆ ಎಂದರೆ ಅದೇ ವರ್ಷ ಕೇಂದ್ರವು ರಾಷ್ಟ್ರೀಯ ಚೇತರಿಕೆ ಚೌಕಟ್ಟು ಹೊರಡಿಸಿ, ವಿಪತ್ತಿಗೆ ಮೊದಲೇ ಚೇತರಿಕೆಯ ಯೋಜನೆ ಮಾಡಿ ಎಂದು ಸ್ಥಳೀಯ ಆಡಳಿತಗಳಿಗೆ ಸಲಹೆ ಕೊಟ್ಟಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಂತೆ.

2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಲೀ ಕೌಂಟಿಗೆ ಬಡಿಯಿತು. ಆಗ ಸುದ್ದಿಗೆ ಬಂದದ್ದು 'ಶೇ 50ರ ನಿಯಮ'. ಪ್ರವಾಹ ವಲಯದ ಮನೆಯ ರಿಪೇರಿ ಖರ್ಚು ಆ ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧ ಮುಟ್ಟಿದರೆ, ಇಡೀ ಮನೆ ಇಂದಿನ ಪ್ರವಾಹ ನಿಯಮಕ್ಕೆ ಒಪ್ಪುವಂತಾಗಬೇಕು. ಅಂದರೆ ಹೆಚ್ಚಿನ ಸಲ ಎತ್ತರಿಸಬೇಕು, ಇಲ್ಲವೇ ಕೆಡವಬೇಕು. ಬೆಲೆಯಲ್ಲಿ ನಿವೇಶನ ಸೇರುವುದಿಲ್ಲ, ಕಟ್ಟಡ ಮಾತ್ರ. ಹಾಗಾಗಿ ಹಳೆಯ, ಸಣ್ಣ ಮನೆಯವರೇ ಬೇಗ ಸಿಕ್ಕಿಬೀಳುತ್ತಾರೆ. ಅವರ ಹತ್ತಿರ ಎತ್ತರಿಸುವಷ್ಟು ಹಣ ಇರುವುದಿಲ್ಲ. ಕೊನೆಗೆ ನಿವೇಶನ ಮಾರುತ್ತಾರೆ. ಕಾಗದದ ಮೇಲೆ ಯಾರೂ ಬರೆಯದೇ ಇದ್ದರೂ ಇದೇ ಎಷ್ಟೋ ಕಡೆ ನಿಜವಾದ ಪುನರಭಿವೃದ್ಧಿ ಯೋಜನೆ. 2024ರಲ್ಲಿ ಫೆಮಾ, ನಿಯಮ ಮೀರಿದ ಕಾಮಗಾರಿಗಳನ್ನು ತಡೆದಿಲ್ಲ ಎಂದು ಲೀ ಕೌಂಟಿ ಮತ್ತು ಅಲ್ಲಿನ ಕೆಲವು ಊರುಗಳ ಜನರಿಗೆ ಸಿಗುತ್ತಿದ್ದ ಶೇ 25ರ ಪ್ರವಾಹ ವಿಮೆ ರಿಯಾಯಿತಿ ತೆಗೆಯುವುದಾಗಿ ಹೇಳಿತು. ಮಾತುಕತೆಯ ನಂತರ ಕೌಂಟಿಗೆ ರಿಯಾಯಿತಿ ಉಳಿಯಿತು.

ಮನೆ ಕಟ್ಟಿಕೊಡುವ ದೊಡ್ಡ ಹಣ ಬರುವುದು ವಸತಿ ಇಲಾಖೆಯಿಂದ. 1990ರ ದಶಕದ ಆರಂಭದಿಂದಲೂ ಇದು ನಡೆಯುತ್ತಿದೆ, ಆದರೂ ಇದಕ್ಕೊಂದು ಕಾಯಂ ಕಾಯ್ದೆ ಇಲ್ಲ. ಪ್ರತಿ ಸಲ ಕಾಂಗ್ರೆಸ್ ಹಣ ಮಂಜೂರು ಮಾಡಬೇಕು, ಇಲಾಖೆ ಷರತ್ತು ಪ್ರಕಟಿಸಬೇಕು, ಕೌಂಟಿ ಆಕ್ಷನ್ ಪ್ಲಾನ್ ಬರೆದು ಜನರ ಅಭಿಪ್ರಾಯ ಕೇಳಬೇಕು. ಸಾಮಾನ್ಯವಾಗಿ ಶೇ 70ರಷ್ಟು ಹಣ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಮುಟ್ಟಬೇಕು. ಇದು ಒಳ್ಳೆಯ ಷರತ್ತೇ. ಆದರೆ ಹಣ ಮನೆ ಮುಟ್ಟುವ ಹೊತ್ತಿಗೆ ಒಂದು ವರ್ಷ ದಾಟಿರುವುದು ಮಾಮೂಲು. ಅಷ್ಟರಲ್ಲಿ ಉಳ್ಳವರು ಕಟ್ಟಿಕೊಂಡಿರುತ್ತಾರೆ, ಇಲ್ಲದವರು ಬಿಟ್ಟು ಹೋಗಿರುತ್ತಾರೆ.

2024ರಲ್ಲಿ ಎರಡು ವಾರದ ಅಂತರದಲ್ಲಿ ಹೆಲೀನ್ ಮತ್ತು ಮಿಲ್ಟನ್ ಬಂದವು. ಹದಿನಾಲ್ಕು ವರ್ಷ ಮೊದಲೇ ಯೋಜನೆ ಬರೆದಿದ್ದ ಹಿಲ್ಸ್‌ಬರೊ ಕೌಂಟಿಗೆ ಆಗ ನಿಜವಾದ ಪರೀಕ್ಷೆ. 2025ರ ಜನವರಿಯಲ್ಲಿ ವಸತಿ ಇಲಾಖೆ ಅದಕ್ಕೆ ಸುಮಾರು 71 ಕೋಟಿ ಡಾಲರ್, ಪಕ್ಕದ ಪಿನೆಲಸ್‌ಗೆ 81 ಕೋಟಿ ಡಾಲರ್ ಹಂಚಿತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಮುಂಚಿತವಾಗಿ ಹಾನಿ ತಡೆಯುವ ಕೆಲಸಕ್ಕೆ ಹಣ ಕೊಡುತ್ತಿದ್ದ 'ಬ್ರಿಕ್' ಕಾರ್ಯಕ್ರಮವನ್ನು ನಿಲ್ಲಿಸುವುದಾಗಿ ಫೆಮಾ ಹೇಳಿತು. ಹಲವು ರಾಜ್ಯಗಳು ಕೋರ್ಟಿಗೆ ಹೋದವು.

ಫ್ಲಾರಿಡಾದಲ್ಲೇ ಇನ್ನೊಂದು ತಿರುವು. ಇಯಾನ್ ನಂತರ 2023ರಲ್ಲಿ ಬಂದ ಕಾನೂನೊಂದು, ಹೊಡೆತ ತಿಂದ ಪ್ರದೇಶದ ಸ್ಥಳೀಯ ಆಡಳಿತಗಳು ಭೂಬಳಕೆ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡುವಂತಿಲ್ಲ ಎಂದಿತ್ತು. ಮನೆ ಕಳೆದುಕೊಂಡವರಿಗೆ ಹೊಸ ನಿಯಮದ ಹೊರೆ ಬೇಡ ಎಂಬುದು ಅದರ ಕಾರಣ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. 2025ರ ಎಸ್‌ಬಿ 180 ಎಂಬ ರಾಜ್ಯದ ಕಾನೂನು ಇದನ್ನು ಹೆಚ್ಚುಕಡಿಮೆ ಇಡೀ ರಾಜ್ಯಕ್ಕೆ ಹರಡಿತು. ಈ ತಡೆಯ ಗಡುವು 2027ರ ಅಕ್ಟೋಬರ್ 1. ನಿಯಮ ಬಿಗಿಯಾಯಿತು ಎನಿಸಿದರೆ ನಿವಾಸಿಗಳೂ ಉದ್ಯಮಗಳೂ ಕೌಂಟಿಯ ಮೇಲೆ ದಾವೆ ಹೂಡಬಹುದು. ಚಂಡಮಾರುತದ ನಂತರದ ಪರ್ಮಿಟ್ ವ್ಯವಸ್ಥೆಗೆ ಮೊದಲೇ ಯೋಜನೆ ಮಾಡಿ ಎಂದೂ ಇದೇ ಕಾನೂನು ಹೇಳುತ್ತದೆ. ಯೋಜನೆ ಮಾಡಿ, ಆದರೆ ಗೆರೆ ಎಳೆಯಬೇಡಿ ಎಂದ ಹಾಗಾಯಿತು.

2025ರ ಸೆಪ್ಟೆಂಬರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ನಗರ ಮತ್ತು ಕೌಂಟಿಗಳು ಒಟ್ಟಾಗಿ ಈ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸಿದವು. ತೀರ್ಪು ಯಾವ ಕಡೆ ಬಂದರೂ, 2027ರ ಗಡುವು ಮುಗಿಯುವ ಹೊತ್ತಿಗೆ ಹೆಲೀನ್, ಮಿಲ್ಟನ್‌ಗಳಲ್ಲಿ ಮುಳುಗಿದ ಬಹುಪಾಲು ಮನೆಗಳಿಗೆ ಹಳೆಯ ನಕ್ಷೆಯ ಮೇಲೆಯೇ ಪರ್ಮಿಟ್ ಕೊಟ್ಟಾಗಿರುತ್ತದೆ.