ಹೊಟ್ಟೆಹುಳುವಿಗೂ ಕೆಮ್ಮಿಗೂ ಏನು ಸಂಬಂಧ?

"ಹುಳು ಇರೋದು ಹೊಟ್ಟೇಲಿ, ಕೆಮ್ಮು ಯಾಕೆ ಬರುತ್ತೆ ಡಾಕ್ಟ್ರೇ?" ಎಂದು ತಾಯಂದಿರು ಕೇಳುತ್ತಾರೆ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಹುಳು ಮೈಯೊಳಗೆ ಎಲ್ಲೆಲ್ಲಿ ಓಡಾಡುತ್ತದೆ ಎಂದು ಗೊತ್ತಾದರೆ ಅರ್ಧ ಕಾಯಿಲೆ ಅರ್ಥವಾದಂತೆ.

ಇನ್ನೊಂದು ಜೀವಿಯ ಮೈಮೇಲೋ ಮೈಯೊಳಗೋ ಇದ್ದು, ಅದರಿಂದಲೇ ಹೊಟ್ಟೆ ಹೊರೆದು, ಅದಕ್ಕೇ ತೊಂದರೆ ಕೊಡುವುದು ಪರಾವಲಂಬಿ. ಮಲೇರಿಯಾ ತರುವುದು ಒಂದೇ ಜೀವಕೋಶದ್ದು, ಮೈಕ್ರೋಸ್ಕೋಪ್ ಇಲ್ಲದೆ ಕಾಣುವುದಿಲ್ಲ. ಹೇನು, ಕಜ್ಜಿಯ ನುಸಿ ಹೊರಗಿನವು. ಉಳಿದವು ಹುಳುಗಳು.

ದುಂಡುಹುಳುವನ್ನೇ ನೋಡಿ. ಅದರ ಮೊಟ್ಟೆ ಮಣ್ಣಾದ ಕೈಯಿಂದಲೋ ತೊಳೆಯದ ತರಕಾರಿಯಿಂದಲೋ ಬಾಯಿಗೆ ಹೋಗುತ್ತದೆ. ಕರುಳಿನಲ್ಲಿ ಮರಿ ಹೊರಬರುತ್ತದೆ. ಅಲ್ಲೇ ಸುಮ್ನೆ ಇರುತ್ತದೆಯೇ? ಇಲ್ಲ. ಕರುಳಿನ ಗೋಡೆ ಕೊರೆದು ರಕ್ತ ಸೇರುತ್ತದೆ, ಶ್ವಾಸಕೋಶ ತಲುಪುತ್ತದೆ, ಗಂಟಲಿಗೆ ಏರುತ್ತದೆ. ನುಂಗಿದಾಗ ಮತ್ತೆ ಕರುಳಿಗೆ ಬಂದು ದೊಡ್ಡದಾಗುತ್ತದೆ. ಕೆಮ್ಮು ಬರುವುದು ಈ ಓಡಾಟದಲ್ಲಿ. ಆಗ ಮಲ ಪರೀಕ್ಷೆ ಮಾಡಿಸಿದರೆ ಏನೂ ಸಿಗದಿರಬಹುದು. ಮೊಟ್ಟೆ ಇಡುವಷ್ಟು ಬೆಳೆಯಲು ಅದಕ್ಕೆ ಎರಡು ಮೂರು ತಿಂಗಳು ಬೇಕು. ಬೆಳೆದ ಹೆಣ್ಣು ಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ!

ಕೊಕ್ಕೆಹುಳುವಿಗೆ ಬಾಯಿಯೇ ಬೇಕಿಲ್ಲ. ಬರಿಗಾಲಿನ ಚರ್ಮ ತೂರಿ ಒಳಗೆ ಬರುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಸುಸ್ತು, ಬಿಳಿಚಿಕೊಂಡ ಮುಖ ಇದ್ದವರಿಗೆ ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು ಎನ್ನುವುದು ಇದಕ್ಕೇ. ಒಳಗೆ ಸೋರಿಕೆ ಹಾಗೇ ಇರುತ್ತದಲ್ವಾ?

ಜನ ಜಾಸ್ತಿ ತಪ್ಪು ತಿಳಿದಿರುವುದು ಹಂದಿಯ ಲಾಡಿಹುಳುವಿನ ಬಗ್ಗೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ನಿಜ. ಆದರೆ ಮಿದುಳಿನಲ್ಲಿ ಗುಳ್ಳೆ ಕಟ್ಟಿ ಫಿಟ್ಸ್ ಬರುವುದು ಆ ಮಾಂಸದಿಂದಲ್ಲ. ಹುಳು ಇರುವ ಮನುಷ್ಯನ ಮಲದಲ್ಲಿನ ಮೊಟ್ಟೆ ಕೈ, ನೀರು, ಆಹಾರದ ಮೂಲಕ ಹೊಟ್ಟೆಗೆ ಹೋದಾಗ ಹಾಗಾಗುತ್ತದೆ. ಅದಕ್ಕೇ ಮಾಂಸವನ್ನೇ ಮುಟ್ಟದವರಿಗೂ ಇದು ಬರುತ್ತದೆ. ಇದನ್ನು ಹೇಳಿದಾಗ ಎಷ್ಟೋ ಮಂದಿ ನಂಬುವುದಿಲ್ಲ. ದಯವಿಟ್ಟು ನಂಬಿ. ಮಿದುಳಿನಲ್ಲಿ ಇಂಥ ಗುಳ್ಳೆ ಇರುವವರು ಜಂತುಹುಳುವಿನ ಮಾತ್ರೆಯನ್ನು ತಾವಾಗಿಯೇ ನುಂಗಬಾರದು. ಗುಳ್ಳೆಗಳು ಸಾಯುವಾಗ ಮಿದುಳು ಊದಿಕೊಳ್ಳಬಹುದು.

ರಾತ್ರಿ ಮಗು ಗುದದ ಸುತ್ತ ಕೆರೆದುಕೊಳ್ಳುತ್ತಿದ್ದರೆ ಅದು ಬೇರೆ ಹುಳು, ದಾರದಂಥ ಸಣ್ಣದು. ಹೊರಗೆ ಬಂದು ಚರ್ಮದ ಮೇಲೆ ಮೊಟ್ಟೆ ಇಡುತ್ತದೆ. ಹಾಗಾಗಿ ಮಲ ಪರೀಕ್ಷೆಯಲ್ಲಿ ಸಿಗುವುದು ಕಡಿಮೆ. ಬೆಳಿಗ್ಗೆ ತೊಳೆಯುವ ಮೊದಲೇ ಆ ಜಾಗಕ್ಕೆ ಪಾರದರ್ಶಕ ಟೇಪ್ ಒತ್ತಿ ತೆಗೆದು ಲ್ಯಾಬಿಗೆ ಕೊಡಿ. ಹುಳು ಇದೆ ಎಂದಾದರೆ ಮನೆಯವರೆಲ್ಲ ಒಟ್ಟಿಗೆ ಔಷಧಿ ತೆಗೆದುಕೊಳ್ಳಬೇಕು, ಎರಡು ವಾರ ಬಿಟ್ಟು ಇನ್ನೊಮ್ಮೆ.