ಟೈಮ್‌ಶೇರ್ ವಾರದ ಅದಲುಬದಲು: ಡೆಪಾಸಿಟ್ ಮಾಡುವ ಮೊದಲು ಓದಿಕೊಳ್ಳಲು

ಮುಂಬೈ, ಪುಣೆಯ ಎಷ್ಟೋ ಕನ್ನಡದ ಮನೆಗಳಲ್ಲಿ ಹಾಲಿಡೇ ಕ್ಲಬ್ಬಿನ ಮೆಂಬರ್‌ಶಿಪ್, ಅಂದರೆ ಟೈಮ್‌ಶೇರ್, ಇದೆ. 25 ವರ್ಷ, ವರ್ಷಕ್ಕೆ 7 ದಿನ, ಇಂಥ ಬಣ್ಣದ ಸೀಸನ್ ಎಂದು ಬರೆದ ಫೈಲು ಕಪಾಟಿನಲ್ಲಿರುತ್ತದೆ. ಅದರ ಜೊತೆಗೇ ಬಂದ, ವಾರಗಳನ್ನು ಅದಲುಬದಲು ಮಾಡಿಸುವ ಎಕ್ಸ್‌ಚೇಂಜ್ ಕಂಪನಿಯ ಮೆಂಬರ್ ನಂಬರನ್ನು ಮಾತ್ರ ಹೆಚ್ಚಿನವರು ಬಳಸಿರುವುದಿಲ್ಲ. ಬಳಸಿದವರಲ್ಲೂ ಅರ್ಧ ಜನ ‘ಬೇಕಾದ್ದು ಯಾವತ್ತೂ ಸಿಗಲ್ಲ ಬಿಡಿ’ ಅನ್ನುತ್ತಾರೆ. ಸಿಗುತ್ತದೆ. ಆದರೆ ಏನು ಸಿಗುತ್ತದೆ ಎನ್ನುವುದು ಬಹುಪಾಲು ನಿಮ್ಮ ವಾರವನ್ನು ಡೆಪಾಸಿಟ್ ಮಾಡಿದ ದಿನವೇ ತೀರ್ಮಾನವಾಗಿರುತ್ತದೆ. ಯಾವ ಕಂಪನಿ ಮೇಲು ಎನ್ನುವ ಪ್ರಶ್ನೆ ಆಮೇಲಿನದು. ಈ ಟಿಪ್ಪಣಿಯನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ಬುಡದ ಸಂಗತಿ. ನಿಮ್ಮ ಹಕ್ಕಿನ ಒಂದು ವಾರವನ್ನು ನೀವು ಎಕ್ಸ್‌ಚೇಂಜ್ ಕಂಪನಿಗೆ ಬಿಟ್ಟುಕೊಡುತ್ತೀರಿ, ಡೆಪಾಸಿಟ್ ಎಂದರೆ ಇದೇ. ಬೇರೆ ಯಾರೋ ಬಿಟ್ಟುಕೊಟ್ಟ ವಾರವನ್ನು ಎತ್ತಿಕೊಳ್ಳುತ್ತೀರಿ. ಇವೆರಡಕ್ಕೂ ನೇರ ಸಂಬಂಧ ಇರಬೇಕಿಲ್ಲ. ನೀವು ಕೊಟ್ಟ ಮಡಿಕೇರಿ ವಾರಕ್ಕೆ ದೆಹಲಿಯವರು ಬರಬಹುದು, ನೀವು ಫುಕೆಟ್‌ಗೆ ಹೋಗಬಹುದು. ಯಾರೂ ಬಿಟ್ಟುಕೊಡದ ವಾರ ಮಾತ್ರ ಯಾರಿಗೂ ಸಿಗುವುದಿಲ್ಲ. ಡೊಂಬಿವಲಿಯ ಅಕ್ಕ ಒಬ್ಬರು ಕೇಳಿದ್ದರು, ‘ಡಿಸೆಂಬರ್ ಕೊನೆ ವಾರಕ್ಕೆ ಗೋವಾ ಯಾಕೆ ಒಮ್ಮೆಯೂ ತೋರಿಸಲ್ಲ?’ ಆ ವಾರ ಕೈಯಲ್ಲಿರುವವರು ತಾವೇ ಹೋಗುತ್ತಾರೆ, ಇಲ್ಲವೇ ನೆಂಟರನ್ನು ಕಳಿಸುತ್ತಾರೆ. ಡೆಪಾಸಿಟ್‌ಗೆ ಬರುವುದೇ ಅಪರೂಪ. ಬಂದ ಒಂದೆರಡನ್ನೂ ಮೊದಲೇ ಸಾಲಿನಲ್ಲಿ ನಿಂತವರು ಎತ್ತಿಕೊಂಡಿರುತ್ತಾರೆ.

ವಾರಕ್ಕೆ ಬೆಲೆ ಕಟ್ಟುವುದು ಹೇಗೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ನಾವು ಕ್ಲಬ್ಬಿಗೆ ಎಷ್ಟು ದುಡ್ಡು ಕಟ್ಟಿದ್ದೇವೆ ಎನ್ನುವುದನ್ನು ಎಕ್ಸ್‌ಚೇಂಜ್ ಕಂಪನಿ ನೋಡುವುದಿಲ್ಲ. ಅದು ನೋಡುವುದು ಆ ಊರಿಗೆ ಆ ವಾರದಲ್ಲಿ ಎಷ್ಟು ಜನ ಬರಬೇಕೆನ್ನುತ್ತಾರೆ, ಅಲ್ಲಿ ಎಷ್ಟು ರೂಮುಗಳಿವೆ, ರೂಮು ಸ್ಟುಡಿಯೋನೋ ಒಂದು ಬೆಡ್‌ರೂಮೋ ಎರಡೋ, ಹಿಂದೆ ಉಳಿದುಹೋದವರು ರೆಸಾರ್ಟಿಗೆ ಎಂಥ ಅಂಕ ಕೊಟ್ಟಿದ್ದಾರೆ, ಮತ್ತೆ ನೀವು ಎಷ್ಟು ಮುಂಚೆ ಕೊಟ್ಟಿದ್ದೀರಿ. ಕೊನೆಯದೊಂದು ಮಾತ್ರ ನಮ್ಮ ಕೈಯಲ್ಲಿದೆ. ಆರ್‌ಸಿಐ ಎಂಬ ದೊಡ್ಡ ಎಕ್ಸ್‌ಚೇಂಜ್ ಕಂಪನಿಯ ‘ವೀಕ್ಸ್’ ಪದ್ಧತಿಯಲ್ಲಿ ಚೆಕ್‌ಇನ್‌ಗೆ 9 ತಿಂಗಳು ಅಥವಾ ಅದಕ್ಕೂ ಮುಂಚೆ ಡೆಪಾಸಿಟ್ ಮಾಡಿದರೆ ಪೂರ್ತಿ ಬೆಲೆ. ಆಮೇಲೆ ದಿನ ಕಳೆದ ಹಾಗೆ ಬೆಲೆ ಇಳಿಯುತ್ತಾ ಹೋಗುತ್ತದೆ. ‘ಈ ವರ್ಷ ಹೋಗೋಕಾಗಲ್ಲ, ಹಾಳಾಗುವ ಬದಲು ಕೊಟ್ಟುಬಿಡೋಣ’ ಎಂದು ಕೊನೆ ತಿಂಗಳಲ್ಲಿ ಕೊಟ್ಟ ವಾರಕ್ಕೆ ಒಳ್ಳೆಯ ಬದಲಿ ಸಿಗದಿರುವುದಕ್ಕೆ ಕಾರಣ ಇದೇ.

ವರ್ಷದ ಯಾವ ಕಾಲಕ್ಕೆ ಎಷ್ಟು ಬೇಡಿಕೆ ಎಂದು ತೋರಿಸುವ ಬಣ್ಣದ ವಿಷಯದಲ್ಲೂ ಒಂದು ಗೊಂದಲ ಇದೆ. ಕ್ಲಬ್ ಮಹೀಂದ್ರದಲ್ಲಿ ನೇರಳೆ, ಕೆಂಪು, ಬಿಳಿ, ನೀಲಿ ಎಂದು ನಾಲ್ಕು ಬಣ್ಣ, ನೇರಳೆಯೇ ಮೇಲಿನದು. ಆರ್‌ಸಿಐನಲ್ಲಿ ಕೆಂಪು, ಬಿಳಿ, ನೀಲಿ ಮೂರೇ, ಅಲ್ಲಿ ಕೆಂಪೇ ಮೇಲಿನದು. ಅಲ್ಲಿನ ಕೆಂಪು ಇಲ್ಲಿನ ಕೆಂಪು ಒಂದೇ ಎಂದು ಲೆಕ್ಕ ಹಾಕಬೇಡಿ. ಬಣ್ಣಕ್ಕಿಂತ ನಂಬರ್ ಮುಖ್ಯ.

ಆ ನಂಬರಿಗೆ ಟ್ರೇಡಿಂಗ್ ಪವರ್ ಎನ್ನುತ್ತಾರೆ. 2010ಕ್ಕೆ ಮೊದಲು ಇದು ಮೆಂಬರ್‌ಗಳಿಗೆ ಕಾಣುತ್ತಲೇ ಇರಲಿಲ್ಲ. ಹುಡುಕಿದಾಗ ಏನು ತೋರಿಸುತ್ತದೋ ಅದರಿಂದ ಊಹಿಸಬೇಕಿತ್ತು. 2010ರ ಕೊನೆಯಲ್ಲಿ ಆರ್‌ಸಿಐ ಅದನ್ನು ಬಹಿರಂಗ ಮಾಡಿತು. ಈಗ ನಿಮ್ಮ ವಾರಕ್ಕೆ ಎಷ್ಟು ಯೂನಿಟ್, ನೀವು ಕೇಳುವ ವಾರಕ್ಕೆ ಎಷ್ಟು ಯೂನಿಟ್ ಎಂದು ಎದುರೆದುರು ಕಾಣುತ್ತದೆ. ಸುಮ್ನೆ ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ನಿಮ್ಮ ವಾರಕ್ಕೆ 24 ಬಂತು. ನಿಮಗೆ ಬೇಕಾದ ವಾರ 15. ಉಳಿದ 9 ನಿಮ್ಮ ಖಾತೆಯಲ್ಲೇ ಉಳಿಯುತ್ತದೆ, ಇನ್ನೊಂದು ಚಿಕ್ಕ ಬದಲಿಗೆ ಬಳಸಬಹುದು. ಉಲ್ಟಾ, ನಿಮ್ಮದು 12, ಬೇಕಾದದ್ದು 20 ಆದರೆ ಎರಡು ಡೆಪಾಸಿಟ್‌ಗಳನ್ನು ಸೇರಿಸಿ ಒಂದು ಮಾಡಬಹುದು, ಅದಕ್ಕೆ ಬೇರೆ ಶುಲ್ಕ ಇದೆ. ಹೀಗೆ ಚಿಲ್ಲರೆ ವಾಪಸ್ ಬರುವುದು ಆರ್‌ಸಿಐ ವೀಕ್ಸ್‌ನ ದೊಡ್ಡ ಅನುಕೂಲ ಎನ್ನುವುದು ನನ್ನ ಅಭಿಪ್ರಾಯ. ಚಿಕ್ಕ ಸಂಸಾರ, ರಜೆ ಯಾವಾಗ ಬೇಕಾದರೂ ಸಿಗುವವರು ಒಂದು ಒಳ್ಳೆಯ ವಾರ ಕೊಟ್ಟು ಎರಡು ಸಾಧಾರಣ ವಾರ ತೆಗೆದುಕೊಳ್ಳಬಹುದು.

ಇನ್ನೊಂದು ಮಾತು. ನಮ್ಮ ದೇಶದ ಹಲವು ಕ್ಲಬ್ಬುಗಳಲ್ಲಿ ನಿಮ್ಮ ಹೆಸರಲ್ಲಿ ಯಾವ ರೆಸಾರ್ಟಿನ ಯಾವ ವಾರವನ್ನು ಡೆಪಾಸಿಟ್‌ಗೆ ಹಾಕಬೇಕು ಎಂದು ತೀರ್ಮಾನಿಸುವುದು ಕ್ಲಬ್ಬೇ, ನೀವಲ್ಲ. ಅದಕ್ಕೇ ಡೆಪಾಸಿಟ್ ಮಾಡುವ ಮೊದಲು ‘ಯಾವ ವಾರ ಹಾಕುತ್ತೀರಿ, ಅದಕ್ಕೆ ಎಷ್ಟು ಟ್ರೇಡಿಂಗ್ ಪವರ್ ಬರುತ್ತದೆ’ ಎಂದು ಇಮೇಲ್‌ನಲ್ಲೇ ಕೇಳಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಉಪಯೋಗಕ್ಕೆ ಬರುವುದಿಲ್ಲ.

ಆರ್‌ಸಿಐ, ಇಂಟರ್ವಲ್, ಮತ್ತೆ ಚಿಕ್ಕವು

ಆರ್‌ಸಿಐ ಶುರುವಾದದ್ದು 1974ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ. ಜಾನ್ ಮತ್ತು ಕ್ರಿಸ್ಟೆಲ್ ಡಿಹಾನ್ ದಂಪತಿ ಶುರು ಮಾಡಿದ್ದು. ಇನ್ನೊಂದು ದೊಡ್ಡ ಎಕ್ಸ್‌ಚೇಂಜ್ ಕಂಪನಿ ಇಂಟರ್ವಲ್ ಇಂಟರ್‌ನ್ಯಾಷನಲ್ 1976ರದು, ಮಯಾಮಿಯದು. 2018ರಿಂದ ಅದು ಮ್ಯಾರಿಯಟ್ ವೆಕೇಷನ್ಸ್ ವರ್ಲ್ಡ್‌ವೈಡ್ ಕಂಪನಿಯ ಕೈಯಲ್ಲಿದೆ. ಆರ್‌ಸಿಐ ಈಗ ಟ್ರಾವೆಲ್ ಪ್ಲಸ್ ಲೆಶರ್ ಕಂಪನಿಯದು. ಇತಿಹಾಸ ಇಷ್ಟು ಸಾಕು.

ಆರ್‌ಸಿಐನ ಬಲ ಅದರ ಹರವು. ನೂರಕ್ಕೂ ಹೆಚ್ಚು ದೇಶಗಳಲ್ಲಿ ಸಾವಿರಾರು ರೆಸಾರ್ಟ್‌ಗಳಿವೆ, ಕ್ಲಬ್ ಮಹೀಂದ್ರವೂ ಅದರೊಳಗೇ ಬರುತ್ತದೆ. ದೇಶದೊಳಗೆ ಸುತ್ತುವವರಿಗೆ ಇದೇ ಸಾಕು ಅನ್ನಿಸುತ್ತದೆ. ಆದರೆ ಹರವು ಜಾಸ್ತಿ ಎಂದರೆ ಗುಣಮಟ್ಟ ಮೇಲೆ ಕೆಳಗೆ ಆಗುವುದು ಸಹಜ, ಹಾಗಾಗಿ ಆರ್‌ಸಿಐ ಒಳ್ಳೆಯ ರೆಸಾರ್ಟ್‌ಗಳಿಗೆ ಕೊಡುವ ಗೋಲ್ಡ್ ಕ್ರೌನ್, ಸಿಲ್ವರ್ ಕ್ರೌನ್ ಗುರುತು ಇದೆಯೇ ನೋಡಿ. ಇಂಟರ್ವಲ್ ಅದಕ್ಕಿಂತ ಚಿಕ್ಕದು, ಆದರೆ ಮ್ಯಾರಿಯಟ್, ವೆಸ್ಟಿನ್, ಹಯಾತ್ ಹೆಸರಿನ ಟೈಮ್‌ಶೇರ್‌ಗಳು ಅಲ್ಲಿವೆ. ಮುಂಬೈಯಿಂದ ನೇರ ವಿಮಾನ ಇರುವ ಫುಕೆಟ್‌ನಲ್ಲಿ ಮ್ಯಾರಿಯಟ್‌ನ ಮಾಯ್ ಖಾವ್ ಬೀಚ್ ರೆಸಾರ್ಟ್ ಇದೆ, ಅದು ಬೇಕೆಂದರೆ ದಾರಿ ಇಂಟರ್ವಲ್. ಅಲ್ಲೂ ಒಂದು ಮಿತಿ ಇದೆ. ಮ್ಯಾರಿಯಟ್ ವಾರ ಡೆಪಾಸಿಟ್‌ಗೆ ಬಂದರೆ ಮೊದಲ ಕೆಲವು ವಾರ ಮ್ಯಾರಿಯಟ್ ಮಾಲೀಕರಿಗೇ ಆದ್ಯತೆ. ಉಳಿದದ್ದು ನಮಗೆ.

ನಮ್ಮ ಕಡೆ ಹೆಚ್ಚಿನವರಿಗೆ ಆಯ್ಕೆಯೇ ಇರುವುದಿಲ್ಲ, ಕ್ಲಬ್ ಯಾವುದಕ್ಕೆ ಸೇರಿದೆಯೋ ಅದೇ. ಆದರೂ ವ್ಯತ್ಯಾಸ ತಿಳಿದಿರಲಿ. ಇಂಟರ್ವಲ್‌ನಲ್ಲಿ ‘ರಿಕ್ವೆಸ್ಟ್ ಫಸ್ಟ್’ ಎಂಬ ದಾರಿ ಇದೆ. ವಾರವನ್ನು ಕೈಯಲ್ಲೇ ಇಟ್ಟುಕೊಂಡು ಬೇಕಾದ್ದನ್ನು ಕೇಳಬಹುದು. ಬದಲಿ ಗಟ್ಟಿಯಾದಾಗಲೇ ನಿಮ್ಮ ವಾರ ಹೋಗುತ್ತದೆ, ಸಿಗದಿದ್ದರೆ ನೀವೇ ಹೋಗಬಹುದು. ಧೈರ್ಯ ಕಡಿಮೆ ಇರುವವರಿಗೆ ಇದು ಒಳ್ಳೆಯದು, ಆದರೆ ನಿಮ್ಮ ವಾರದ ದಿನಾಂಕಕ್ಕಿಂತ ಮುಂಚಿನ ದಿನಗಳನ್ನೇ ಕೇಳಬೇಕು. ‘ಡೆಪಾಸಿಟ್ ಫಸ್ಟ್’ ಆದರೆ ನಿಮ್ಮ ವಾರಕ್ಕೆ 2 ವರ್ಷ ಹಿಂದೆ, 2 ವರ್ಷ ಮುಂದೆ ಹುಡುಕಲು ಅವಕಾಶ. ಇಲ್ಲಿ ವಾರಕ್ಕೆ ವಾರವೇ, ಚಿಲ್ಲರೆ ಲೆಕ್ಕ ಇಲ್ಲ. ಯಾವ ಊರಿಗೆ ಯಾವಾಗ ನೂಕುನುಗ್ಗಲು ಎಂದು ಹೇಳುವ ಟ್ರಾವೆಲ್ ಡಿಮಾಂಡ್ ಇಂಡೆಕ್ಸ್ ಎಂಬ ಪಟ್ಟಿಯನ್ನೂ ಇಂಟರ್ವಲ್ ಕೊಡುತ್ತದೆ. 100 ಎಂದರೆ ಸರಾಸರಿ, ಅದಕ್ಕಿಂತ ಮೇಲಿದ್ದರೆ ಬೇಡಿಕೆ ಜಾಸ್ತಿ. ಬಣ್ಣ ನೋಡುವುದಕ್ಕಿಂತ ಈ ಪಟ್ಟಿ ನೋಡುವುದು ಮೇಲು.

ಕೊನೆಗಳಿಗೆಯ ಪ್ರಯಾಣಿಕರಿಗೆ ಇಂಟರ್ವಲ್‌ನಲ್ಲಿ ಫ್ಲೆಕ್ಸ್‌ಚೇಂಜ್ ಇದೆ. ಚೆಕ್‌ಇನ್‌ಗೆ 59 ದಿನದೊಳಗೆ ಉಳಿದುಕೊಂಡ ವಾರಗಳನ್ನು ಸಾಧಾರಣ ವಾರ ಕೊಟ್ಟವರೂ ಕೇಳಬಹುದು. ಆದರೆ ನಿಮ್ಮ ವಾರವನ್ನೇ ತಡವಾಗಿ, ಅದೇ 59 ದಿನದೊಳಗೆ ಕೊಟ್ಟರೆ ಆಗ ನಿಮಗೆ ಉಳಿಯುವುದು ಫ್ಲೆಕ್ಸ್‌ಚೇಂಜ್ ಮಾತ್ರ.

ಇವೆರಡನ್ನು ಬಿಟ್ಟು ಚಿಕ್ಕ ಕಂಪನಿಗಳಿವೆ. ಡಯಲ್ ಆನ್ ಎಕ್ಸ್‌ಚೇಂಜ್ ಎಂದಿದ್ದದ್ದು ಈಗ ಸೆವೆನ್ ಅಕ್ರಾಸ್. ಅದೂ ಈಗ ಆರ್‌ಸಿಐ ಇರುವ ಗುಂಪಿನದೇ. ಇಂಥವು ಸಾಮಾನ್ಯವಾಗಿ ವಾರಕ್ಕೆ ಒಂದು ವಾರ ಎಂಬ ಸರಳ ಲೆಕ್ಕದವು. ಸಾಧಾರಣ ವಾರ ಇರುವವರಿಗೆ ಇದು ಲಾಭ, ಬೇಡಿಕೆಯ ವಾರ ಇರುವವರಿಗೆ ನಷ್ಟ. ಸೇರುವ ಮೊದಲು ನಿಮಗೆ ಬೇಕಾದ ಊರು ಅವರ ಪಟ್ಟಿಯಲ್ಲಿ ಇದೆಯೇ, ಬರೀ ಹೆಸರಿಗೆ ಇದೆಯೋ ಖಾಲಿ ವಾರಗಳೂ ಕಾಣುತ್ತವೆಯೋ ನೋಡಿ.

ಮುಂಬೈಯವರಿಗೆ ದಿನಾಂಕದ ಲಾಭ

ಇದು ನನಗೆ ಬಹಳ ಇಷ್ಟದ ಭಾಗ. ಇದರಲ್ಲಿ ನಮಗೆ, ಅಂದರೆ ಮಹಾರಾಷ್ಟ್ರದಲ್ಲಿರುವ ಕನ್ನಡಿಗರಿಗೆ, ನಿಜವಾದ ಅನುಕೂಲ ಇದೆ.

ಕರ್ನಾಟಕದ ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ. ಮುಂಬೈಯ ರಾಜ್ಯ ಬೋರ್ಡ್ ಶಾಲೆಗಳು ಜೂನ್ ಮಧ್ಯದವರೆಗೆ ಮುಚ್ಚಿರುತ್ತವೆ. ಆ ನಡುವಿನ ಎರಡು ವಾರ ಬೆಂಗಳೂರಿನವರು ಕೊಡಗಿಗೆ ಹೊರಡುವುದಿಲ್ಲ, ನಮ್ಮ ಮಕ್ಕಳಿಗೆ ಇನ್ನೂ ರಜೆ. ಮಳೆ ಹಿಡಿದುಕೊಳ್ಳುವ ಕಾಲ ನಿಜ, ಆದರೆ ಊರಿಗೆ ಹೋಗಿ ಮಂಗಳೂರಿನಿಂದ ಹಾಗೇ ಘಟ್ಟ ಹತ್ತುವವರಿಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಅದೇ ಅಕ್ಟೋಬರ್‌ನ ದಸರಾ ರಜೆಯಲ್ಲಿ ಕೊಡಗು, ಮೈಸೂರು ಕಡೆ ಕೇಳಿದರೆ ಇಡೀ ಕರ್ನಾಟಕದ ಜೊತೆ ಪೈಪೋಟಿ. ನಮ್ಮ ಮಕ್ಕಳಿಗೆ ಉದ್ದದ ರಜೆ ಬರುವುದು ದೀಪಾವಳಿಗೆ. ಹಿಮಾಚಲದ ಕಥೆ ಬೇರೆ, ಉತ್ತರದ ಶಾಲೆಗಳಿಗೆ ಜೂನ್ ಪೂರ್ತಿ ರಜೆ, ಆಗ ಮನಾಲಿ ಕೇಳುವುದರಲ್ಲಿ ಅರ್ಥವಿಲ್ಲ.

ಗೋವಾಕ್ಕೆ ಡಿಸೆಂಬರ್ ಕೊನೆ ವಾರ ಬಿಟ್ಟು ಜನವರಿ ಎರಡನೇ ವಾರದಿಂದ ಫೆಬ್ರವರಿವರೆಗೆ ನೋಡಿ. ಹವೆ ಅದೇ, ಬೀಚಿನ ಶ್ಯಾಕ್ ಹೋಟೆಲುಗಳೂ ತೆರೆದಿರುತ್ತವೆ, ಕೇಳುವವರು ಕಡಿಮೆ. ಊರಿನ ಹೆಸರನ್ನೂ ಒಂದಕ್ಕೇ ಕಟ್ಟಿಹಾಕಬೇಡಿ. ದಕ್ಷಿಣದಲ್ಲಿ ವರ್ಕಾ, ಬೆನಾವಲಿಂ, ಕೋಲ್ವಾ, ಕಾವೆಲೊಸಿಂ ಒಂದೇ ಕರಾವಳಿಯಲ್ಲಿ ಸಾಲಾಗಿವೆ, ಮಡಗಾಂವ್ ಸ್ಟೇಷನ್ನಿನಿಂದ ಎಲ್ಲವೂ ಹತ್ತಿರ. ನಾಲ್ಕನ್ನೂ ಕೇಳಿದರೆ ಸಿಗುವ ಸಾಧ್ಯತೆ ಎಷ್ಟೋ ಪಾಲು ಹೆಚ್ಚುತ್ತದೆ.

ಲೋನಾವಳ, ಮಹಾಬಳೇಶ್ವರಕ್ಕೆ ಎಕ್ಸ್‌ಚೇಂಜ್ ಬಳಸಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಬದಲಿ ವಾರ ಎಂದರೆ ಸಾಮಾನ್ಯವಾಗಿ 7 ರಾತ್ರಿ. ಪುಣೆಯವರು ಅಲ್ಲಿಗೆ ಹೋಗುವುದು ಶನಿವಾರ ಭಾನುವಾರಕ್ಕೆ. ಎರಡು ರಾತ್ರಿಗಾಗಿ ಏಳು ರಾತ್ರಿಯ ಹಕ್ಕು ಸುಡುವುದು ಯಾಕೆ? ಅಂಥದ್ದಕ್ಕೆ ಕ್ಲಬ್ಬಿನ ಸ್ವಂತ ರಾತ್ರಿಗಳೇ ಇವೆ.

ಖಾಲಿ ವಾರ ಕಾಣದಿದ್ದರೆ ಸುಮ್ಮನಾಗಬೇಡಿ, ಕಾಯುವ ಪಟ್ಟಿಗೆ ಹೆಸರು ಹಾಕಿ. ಆರ್‌ಸಿಐ ಇದನ್ನು ಆನ್‌ಗೋಯಿಂಗ್ ಸರ್ಚ್ ಎನ್ನುತ್ತದೆ. ಬೇಡಿಕೆಯ ವಾರಗಳು ಮೊದಲು ಈ ಪಟ್ಟಿಯವರಿಗೆ ಹೋಗುತ್ತವೆ, ಉಳಿದದ್ದೇ ಆನ್‌ಲೈನ್‌ನಲ್ಲಿ ಕಾಣುವುದು. ಒಂದು ಎಚ್ಚರಿಕೆ: ಬದಲಿ ಸಿಕ್ಕ ಕೂಡಲೇ ನಿಮ್ಮನ್ನು ಕೇಳದೆಯೇ ಬುಕ್ ಆಗಬಹುದು. ನಿಜವಾಗಿಯೂ ಹೋಗಲು ಒಪ್ಪುವ ಊರು, ದಿನಾಂಕ ಮಾತ್ರ ಬರೆಯಿರಿ.

ಖರ್ಚಿನ ಲೆಕ್ಕ

ಎರಡು ಲೆಕ್ಕಗಳಿವೆ, ಬೆರೆಸಬೇಡಿ. ಮೆಂಬರ್‌ಶಿಪ್ ಒಟ್ಟಾರೆ ಲಾಭವೇ ಎಂಬುದು ಒಂದು. ಈ ಸಲ ಬದಲಿ ಮಾಡುವುದು ಲಾಭವೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಕ್ಲಬ್ಬಿಗೆ ಕಟ್ಟಿದ ದೊಡ್ಡ ಮೊತ್ತವಾಗಲಿ ವಾರ್ಷಿಕ ಶುಲ್ಕವಾಗಲಿ ಸೇರಿಸಬೇಕಿಲ್ಲ, ಹೋದರೂ ಹೋಗದಿದ್ದರೂ ಅದು ಹೋಗಿಯೇ ಹೋಗುತ್ತದೆ. ಲೆಕ್ಕಕ್ಕೆ ಎಕ್ಸ್‌ಚೇಂಜ್ ಶುಲ್ಕ 12,000, ಎಕ್ಸ್‌ಚೇಂಜ್ ಕಂಪನಿಯ ಆ ವರ್ಷದ ಚಂದಾ 5,000, ರೆಸಾರ್ಟ್‌ನಲ್ಲಿ ಕಟ್ಟಬೇಕಾದ್ದು 4,000 ಎಂದಿಟ್ಟುಕೊಳ್ಳಿ. ಒಟ್ಟು 21,000, ಅಂದರೆ ರಾತ್ರಿಗೆ 3,000. ಅಂಥದೇ ರೂಮು ಬಾಡಿಗೆಗೆ 3,500ಕ್ಕೆ ಸಿಗುತ್ತಿದ್ದರೆ ನಿಮ್ಮ ವಾರವನ್ನು ಉಳಿಸಿಕೊಂಡು ಬಾಡಿಗೆಗೇ ಹೋಗಿ. 9,000 ಇದ್ದರೆ ಕಣ್ಣುಮುಚ್ಚಿ ಬದಲಿ ಮಾಡಿ.

ಡೆಪಾಸಿಟ್ ಇಲ್ಲದೆ ಬರೀ ದುಡ್ಡಿಗೆ ಸಿಗುವ ವಾರಗಳೂ ಇವೆ. ಆರ್‌ಸಿಐ ಅದನ್ನು ಎಕ್ಸ್‌ಟ್ರಾ ವೆಕೇಷನ್ಸ್ ಎನ್ನುತ್ತದೆ, ಇಂಟರ್ವಲ್ ಗೆಟವೇಸ್ ಎನ್ನುತ್ತದೆ. ಸೀಸನ್ ಇಲ್ಲದಾಗ ಇವು ಎಕ್ಸ್‌ಚೇಂಜ್ ಶುಲ್ಕದ ಆಸುಪಾಸಿಗೇ ಬಂದುಬಿಡುತ್ತವೆ. ಬದಲಿ ಮಾಡುವ ಮೊದಲು ಅದೇ ರೆಸಾರ್ಟ್ ಆ ಪಟ್ಟಿಯಲ್ಲಿದೆಯೇ ನೋಡುವುದು ಅಭ್ಯಾಸವಾಗಲಿ. ಮೆಕ್ಸಿಕೊ, ಕೆರಿಬಿಯನ್ ಕಡೆಯ ಕೆಲವು ರೆಸಾರ್ಟ್‌ಗಳಲ್ಲಿ ಊಟ-ಕುಡಿತದ ದುಡ್ಡನ್ನು ತಲೆಗೆ ಇಷ್ಟೆಂದು ಕಡ್ಡಾಯವಾಗಿ ಕಟ್ಟಬೇಕು, ಅದು ಎಕ್ಸ್‌ಚೇಂಜ್ ಶುಲ್ಕದ ಎಷ್ಟೋ ಪಟ್ಟು ಆಗಬಹುದು. ನಿಮ್ಮ ಬದಲು ಅಣ್ಣನನ್ನೋ ಅತ್ತಿಗೆಯನ್ನೋ ಕಳಿಸುವುದಾದರೆ ಗೆಸ್ಟ್ ಸರ್ಟಿಫಿಕೇಟ್ ಬೇಕು, ಅದಕ್ಕೂ ಶುಲ್ಕ. ಬದಲಿಯಾಗಿ ಪಡೆದ ವಾರವನ್ನು ಬಾಡಿಗೆಗೆ ಕೊಡುವುದು ನಿಯಮಕ್ಕೆ ವಿರುದ್ಧ.

ಒಪ್ಪುವ ಮೊದಲು ಆ ಪುಟ

ಕೊನೆಗೆ ‘ಕನ್ಫರ್ಮ್’ ಒತ್ತುವ ಮೊದಲಿನ ಪುಟದಲ್ಲಿ 4/2, 6/4 ಎಂಬಂಥ ಅಂಕಿ ಇರುತ್ತದೆ. ಮೊದಲನೆಯದು ಒಟ್ಟು ಎಷ್ಟು ಜನ ಮಲಗಬಹುದು, ಎರಡನೆಯದು ಎಷ್ಟು ಜನರಿಗೆ ಮರೆ ಇರುವ ಜಾಗ. 4/2 ಎಂದರೆ ಇಬ್ಬರು ಹಾಲ್‌ನ ಸೋಫಾದ ಮೇಲೆ. ಅಜ್ಜ ಅಜ್ಜಿ ಜೊತೆಗಿದ್ದರೆ 4/4 ಹುಡುಕಿ. ಅಡುಗೆಮನೆ ಪೂರ್ತಿಯೋ ಅರ್ಧವೋ ಇಲ್ಲವೇ ಇಲ್ಲವೋ ಎಂದೂ ಅಲ್ಲೇ ಬರೆದಿರುತ್ತದೆ. ಬೆಳಿಗ್ಗೆ ಹಿರಿಯರಿಗೆ ಗಂಜಿ, ಮಗುವಿಗೆ ಹಾಲು ಕಾಯಿಸಬೇಕಾದ ಮನೆಯವರಿಗೆ ಇದು ಸಣ್ಣ ವಿಷಯ ಅಲ್ಲ. ಚೆಕ್‌ಇನ್ ಯಾವ ದಿನ ನೋಡಿ. ಶುಕ್ರವಾರವೋ ಭಾನುವಾರವೋ, ಆಫೀಸಿನ ರಜೆಯ ಲೆಕ್ಕ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಕೆಲವು ರೆಸಾರ್ಟ್‌ಗಳಿಗೆ 4 ವರ್ಷದಲ್ಲಿ ಒಂದೇ ಸಲ ಬದಲಿ ಎಂಬ ನಿಯಮವಿದೆ, ಅದೂ ಅಲ್ಲೇ ಕಾಣುತ್ತದೆ. ರದ್ದು ಮಾಡಲು ಎಷ್ಟು ಹೊತ್ತು ಸಮಯ ಕೊಟ್ಟಿದ್ದಾರೆ ಓದಿಕೊಂಡು ಆ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ರೈಲು ಟಿಕೆಟ್ ಮಾಡುವುದು ಇದೆಲ್ಲ ಆದ ಮೇಲೆ.