ಓದುಗರ ಪ್ರಶ್ನೆ: ವಾಟ್ಸಾಪ್ ಗುಂಪಿನಿಂದ ವಲಸಿಗರ ಮತ ಬೀಳುತ್ತದೆಯೇ?

ಅಮೆರಿಕದಲ್ಲಿರುವ ಕನ್ನಡಿಗರು ಚುನಾವಣೆ ಹತ್ತಿರ ಬಂದಾಗಲೆಲ್ಲ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರು ಒಂದೊಂದು ರೀತಿ ಕೇಳುತ್ತಾರೆ, ಸಾರ ಇಷ್ಟು:

"ನಮ್ಮ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ನಾನೂರು ಜನ ಇದ್ದೇವೆ. ಅರ್ಧದಷ್ಟು ಜನರಿಗೆ ಸಿಟಿಜನ್‌ಶಿಪ್ ಬಂದಿದೆ. ಚುನಾವಣೆ ಬಂದರೆ ತಪ್ಪದೆ ವೋಟ್ ಮಾಡಿ ಅಂತ ಪೋಸ್ಟರ್ ಹಾಕುತ್ತೇವೆ, ಹೆಬ್ಬೆರಳಿನ ಗುರುತು ಸಾಲುಸಾಲಾಗಿ ಬೀಳುತ್ತದೆ. ಆಮೇಲೆ ವಿಚಾರಿಸಿದರೆ ಎಷ್ಟೋ ಜನ ರಿಜಿಸ್ಟರ್ ಕೂಡ ಆಗಿರುವುದಿಲ್ಲ. ಆನ್‌ಲೈನ್‌ನಲ್ಲಿ ಜನ ಸೇರಿಸಿ ಮತ ಹಾಕಿಸುವುದು ನಿಜಕ್ಕೂ ಆಗುವ ಕೆಲಸವೇ?"

ಆಗುತ್ತದೆ. ಆದರೆ ಪೋಸ್ಟರಿನಿಂದ ಆಗುವುದಿಲ್ಲ. ಗುಂಪಿಗೆ ಹೇಳಿದ ಮಾತನ್ನು ಯಾರೂ ತಮಗೇ ಹೇಳಿದ್ದೆಂದು ತೆಗೆದುಕೊಳ್ಳುವುದಿಲ್ಲ. ಬೀದಿ ತುದಿಯಲ್ಲಿ ಬೋರ್ಡು ಹಾಕಿ ಮದುವೆಗೆ ಕರೆದರೆ ಯಾರು ಹೋಗುತ್ತಾರೆ? ಮನೆಗೆ ಬಂದು ಕುಂಕುಮ ಕೊಟ್ಟು, ಹೆಸರು ಹಿಡಿದು ಕರೆದರೆ ಹೋಗುತ್ತೇವೆ, ಹೋಗಲಾಗದಿದ್ದರೆ ಕೊನೇಪಕ್ಷ ಸಂಕೋಚವಾದರೂ ಆಗುತ್ತದೆ. ಮತದಾನದಲ್ಲೂ ಹೀಗೇ ಎಂಬುದನ್ನು ಅಮೆರಿಕದ ಸಂಶೋಧಕರು ಲೆಕ್ಕ ಹಾಕಿಯೇ ನೋಡಿದ್ದಾರೆ.

2010ರ ನವೆಂಬರ್ 2ರಂದು, ಸಂಸತ್ತಿನ ಚುನಾವಣೆಯ ದಿನ, ಫೇಸ್‌ಬುಕ್ ಸುಮಾರು 6.1 ಕೋಟಿ ಬಳಕೆದಾರರ ಮೇಲೆ ಒಂದು ಪ್ರಯೋಗ ಮಾಡಿತು. ಬಹುಪಾಲು ಜನರಿಗೆ "ಇಂದು ಮತದಾನದ ದಿನ" ಎಂಬ ಸೂಚನೆಯ ಜೊತೆಗೆ, ಈಗಾಗಲೇ ಮತ ಹಾಕಿದ್ದೇವೆ ಎಂದ ಗೆಳೆಯರ ಮುಖಗಳನ್ನೂ ತೋರಿಸಿತು. ಒಂದು ಸಣ್ಣ ಪಾಲಿನವರಿಗೆ ಬರೀ ಸೂಚನೆ. ಇನ್ನೊಂದು ಸಣ್ಣ ಪಾಲಿಗೆ ಏನೂ ಇಲ್ಲ. ಫಲಿತಾಂಶ 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಬರೀ ಸೂಚನೆ ನೋಡಿದವರಿಗೂ ಏನೂ ನೋಡದವರಿಗೂ ಮತದಾನದಲ್ಲಿ ವ್ಯತ್ಯಾಸವೇ ಇರಲಿಲ್ಲ. ಗೆಳೆಯರ ಮುಖ ಕಂಡವರಲ್ಲಿ ನೇರವಾಗಿ ಸುಮಾರು 60,000 ಮತ ಹೆಚ್ಚಿತ್ತು. ಅವರ ಆಪ್ತರ ಮೂಲಕ ಹಬ್ಬಿ ಇನ್ನೂ 2.8 ಲಕ್ಷ. ಕೋಟಿಗಟ್ಟಲೆ ಜನರಲ್ಲಿ ಇದು ಅತಿ ಸಣ್ಣ ಪಾಲು, ನಿಜ. ಆದರೆ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದು ಸ್ಪಷ್ಟವಾಗಿದೆ. ನಿಮ್ಮ ಪೋಸ್ಟರು ಆ 'ಬರೀ ಸೂಚನೆ'ಯ ಜಾತಿಗೆ ಸೇರಿದ್ದು.

ಇದಕ್ಕೂ ಮೊದಲು, 1998ರಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದವರು ಮನೆ ಬಾಗಿಲಿಗೆ ಹೋಗಿ ಮಾತಾಡಿಸುವುದನ್ನು, ಅಂಚೆಯನ್ನು, ದುಡ್ಡು ಕೊಟ್ಟು ಮಾಡಿಸಿದ ಫೋನ್ ಕರೆಯನ್ನು ಹೋಲಿಸಿ ನೋಡಿದ್ದರು. ಬಾಗಿಲಲ್ಲಿ ಎದುರೆದುರು ಮಾತಾಡಿದ ನೂರು ಜನರಲ್ಲಿ ಎಂಟೊಂಬತ್ತು ಮತ ಹೆಚ್ಚಿತು. ಅಂಚೆಯಿಂದ ಅಲ್ಪಸ್ವಲ್ಪ. ದುಡ್ಡು ಕೊಟ್ಟು ಮಾಡಿಸಿದ ಆ ಫೋನಿನಿಂದ ಏನೂ ಇಲ್ಲ. ದಶಕಗಳ ತಂತ್ರಜ್ಞಾನ ಬಂದಮೇಲೂ ಈ ಬಾಗಿಲಿನ ಮಾತನ್ನು ಹಿಂದಿಕ್ಕಿದ ಉಪಾಯ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಾದರೆ ಆನ್‌ಲೈನ್ ಯಾಕೆ ಬೇಕು? ಬಾಗಿಲು ಎಲ್ಲಿದೆ ಎಂದು ಗೊತ್ತಾಗಲು ಬೇಕು. ಪಕ್ಷಗಳ ಕಾರ್ಯಕರ್ತರು ಹಿಂದೆ ಮತ ಹಾಕಿದವರ ಪಟ್ಟಿ ಹಿಡಿದು ಓಡಾಡುತ್ತಾರೆ. ಹೊಸದಾಗಿ ಪೌರತ್ವ ಪಡೆದವರು ಆ ಪಟ್ಟಿಯಲ್ಲೇ ಇರುವುದಿಲ್ಲ, ಹಾಗಾಗಿ ಅವರ ಮನೆಗೆ ಯಾರೂ ಬರುವುದಿಲ್ಲ. ಅಮೆರಿಕದ ಅರ್ಹ ಮತದಾರರಲ್ಲಿ ಹತ್ತರಲ್ಲೊಬ್ಬರು ಹೊರದೇಶದಲ್ಲಿ ಹುಟ್ಟಿದವರು, 2020ರ ಹೊತ್ತಿಗೇ 2.3 ಕೋಟಿ ಮೀರಿದ್ದರು. 2016ರಲ್ಲಿ ಇವರಲ್ಲಿ ಮತ ಹಾಕಿದವರು ಶೇ 54. ಅಲ್ಲೇ ಹುಟ್ಟಿದವರಲ್ಲಿ ಶೇ 62. ನಡುವಿನ ಈ ಅಂತರವನ್ನು ಸೋಮಾರಿತನ ಎನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಮ್ಮೂರಲ್ಲಿ ಬಿಎಲ್‌ಒ ಮನೆಗೇ ಬಂದು ಹೆಸರು ಬರೆದುಕೊಂಡು ಹೋಗುತ್ತಾರೆ. ಅಲ್ಲಿ ಎಷ್ಟೋ ಕಡೆ ನಮ್ಮ ಹೆಸರನ್ನು ನಾವೇ ಸೇರಿಸಿಕೊಳ್ಳಬೇಕು, ಮನೆ ಬದಲಿಸಿದರೆ ಮತ್ತೆ ತಿದ್ದಿಸಬೇಕು, ಗಡುವು ರಾಜ್ಯಕ್ಕೊಂದು. ಟೆಕ್ಸಸ್‌ನಲ್ಲಿ ಚುನಾವಣೆಗೆ 30 ದಿನ ಮೊದಲೇ ಬಾಗಿಲು ಮುಚ್ಚುತ್ತದೆ, ಮತ್ತು ಅಲ್ಲಿ ಮೊದಲ ಸಲದ ನೋಂದಣಿಗೆ ಸಾಮಾನ್ಯವಾಗಿ ಕಾಗದದ ಅರ್ಜಿಯೇ ಗತಿ. ಆಸ್ಟಿನ್, ಡಲ್ಲಾಸ್ ಕಡೆಯ ಐಟಿಯವರಿಗೆ ಇದು ನಂಬಲಾಗದ ಸಂಗತಿ. ಎಲ್ಲವೂ ಫೋನಿನಲ್ಲಾಗುವಾಗ ಇದೂ ಆಗುತ್ತದೆಂದು ಕೊನೇ ವಾರದವರೆಗೆ ಕಾಯುತ್ತಾರೆ.

ನಮ್ಮವರಿಗೆ ಹೆಸರಿನದೂ ಒಂದು ತೊಡಕು. ಇನಿಷಿಯಲ್ಲು ಹಿಗ್ಗಿ ಊರಿನ ಹೆಸರು ಒಂದು ಕಡೆ ಕೊನೆಗೆ ಬರುತ್ತದೆ, ತಂದೆಯ ಹೆಸರು ಇನ್ನೊಂದು ಕಡೆ ನಡುವೆ ಸೇರುತ್ತದೆ; ಪಾಸ್‌ಪೋರ್ಟಿನಲ್ಲಿ ಒಂದು, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು. ಜಾರ್ಜಿಯಾದಲ್ಲಿ 2017ರ ಕಾನೂನು ಅರ್ಜಿಯಲ್ಲಿನ ವಿವರ ಸರ್ಕಾರಿ ದಾಖಲೆಗೆ ಅಕ್ಷರಶಃ ಹೊಂದಬೇಕೆಂದು ಹೇಳಿತು. 2018ರ ಚುನಾವಣೆಯ ಹೊತ್ತಿಗೆ ಸುಮಾರು 53,000 ಅರ್ಜಿಗಳು ತೂಗುಹಾಕಿಕೊಂಡಿದ್ದವು, ಬಹುಪಾಲು ಕಪ್ಪು ಜನರವು. ಅರ್ಜಿ ಹಾಕಿದೆ, ಆಯಿತು ಎಂದು ಸುಮ್ಮನಿರಬಾರದು. ರಾಜ್ಯದ ಚುನಾವಣಾ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ, ಬಂದಿದೆಯೇ ಎಂದು ಕಣ್ಣಾರೆ ಖಚಿತಪಡಿಸಿಕೊಳ್ಳಬೇಕು. ಗುಂಪಿನಲ್ಲಿ ಎಂತೆಂಥದೋ ಕೊಂಡಿಗಳು ಬರುತ್ತವೆ. ನಿಜವಾಗಿ ಬರಬೇಕಾದದ್ದು ಇದೊಂದು.

ವಲಸಿಗರನ್ನು ಫೋನಿನ ಮೂಲಕ ಸೇರಿಸಿದ ದೊಡ್ಡ ಉದಾಹರಣೆ ವಾಟ್ಸಾಪ್ ಹುಟ್ಟುವ ಮೊದಲಿನದು. ದಾಖಲೆಯಿಲ್ಲದ ವಲಸಿಗರನ್ನು ಅಪರಾಧಿಗಳನ್ನಾಗಿಸುವ ಮಸೂದೆ 2005ರ ಡಿಸೆಂಬರಿನಲ್ಲಿ ಕೆಳಮನೆಯಲ್ಲಿ ಪಾಸಾಯಿತು. 2006ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ಹೈಸ್ಕೂಲ್ ಮಕ್ಕಳು ಆಗಿನ ಸಾಮಾಜಿಕ ಜಾಲತಾಣ ಮೈಸ್ಪೇಸ್‌ನಲ್ಲಿ, ಎಸ್‌ಎಂಎಸ್‌ನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಸಾವಿರಗಟ್ಟಲೆ ತರಗತಿಯಿಂದ ಎದ್ದು ಬಂದರು. ಸ್ಪ್ಯಾನಿಷ್ ರೇಡಿಯೊದ ಬೆಳಗಿನ ಕಾರ್ಯಕ್ರಮದವರು ಅವರ ಅಪ್ಪ ಅಮ್ಮಂದಿರನ್ನು ಬೀದಿಗೆ ಕರೆದರು. ಆ ಮೆರವಣಿಗೆಗಳ ಘೋಷಣೆ "ಇಂದು ನಡೆಯುತ್ತೇವೆ, ನಾಳೆ ಮತ ಹಾಕುತ್ತೇವೆ." ನಡೆದವರಲ್ಲಿ ಎಷ್ಟೋ ಜನರಿಗೆ ಮತದ ಹಕ್ಕೇ ಇರಲಿಲ್ಲ. ಆ 'ನಾಳೆ'ಯನ್ನು ತರಲು ಮರುವರ್ಷ ಸ್ಪ್ಯಾನಿಷ್ ವಾಹಿನಿ ಯೂನಿವಿಷನ್ ಮತ್ತು ಸಂಘಟನೆಗಳು ಸೇರಿ ಪೌರತ್ವದ ಅಭಿಯಾನ ನಡೆಸಿದವು: ಟಿವಿಯಲ್ಲಿ ಕರೆ, ಊರೂರಿನಲ್ಲಿ ಅರ್ಜಿ ತುಂಬಿಸುವ ಶಿಬಿರ. 2006ರಲ್ಲಿ ಸುಮಾರು 7.3 ಲಕ್ಷ ಇದ್ದ ಪೌರತ್ವದ ಅರ್ಜಿಗಳು 2007ರಲ್ಲಿ ಸುಮಾರು 13.8 ಲಕ್ಷಕ್ಕೆ ಏರಿದವು. ಶುಲ್ಕ ಹೆಚ್ಚಾಗುವ ಮೊದಲು ಹಾಕಿಬಿಡೋಣ ಎಂಬ ಆತುರವೂ ಇದಕ್ಕೆ ಕಾರಣ. ಆದರೂ ಸಂದೇಶದ ಹಿಂದೆಯೇ ಮೇಜು, ಕುರ್ಚಿ, ಅರ್ಜಿ ತುಂಬಿಕೊಡುವ ಮನುಷ್ಯ ಇದ್ದದ್ದರಿಂದ ಆ ಏರಿಕೆಯನ್ನು ಕೈಗೆ ಹಿಡಿಯಲಾಯಿತು.

ಇನ್ನು ಭಾಷೆ. 1975ರಲ್ಲಿ ಮತದಾನದ ಹಕ್ಕಿನ ಕಾಯ್ದೆಗೆ ಸೇರಿದ 203ನೇ ಸೆಕ್ಷನ್ ಪ್ರಕಾರ, ಇಂಗ್ಲಿಷ್ ಸಾಲದ ಒಂದೇ ಭಾಷಾ ಸಮುದಾಯದ ಮತದಾರರು ನಿಗದಿತ ಸಂಖ್ಯೆ ಮೀರಿದರೆ ಅವರ ಭಾಷೆಯಲ್ಲೂ ಮತಪತ್ರ ಕೊಡಬೇಕು. ಹೀಗೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಂಗಾಳಿ, ಶಿಕಾಗೊ ಇರುವ ಕುಕ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಹಿಂದಿ ಬಂತು. ಈ ಸೆಕ್ಷನ್ ಅಡಿ ಕನ್ನಡ ಎಲ್ಲೂ ಬಂದಿಲ್ಲ. ಪಕ್ಷಗಳಿಗೂ ಭಾರತೀಯರೆಂದರೆ ಹಿಂದಿಯೇ ಮೊದಲು ನೆನಪಾಗುತ್ತದೆ. 2016ರಲ್ಲಿ ಟ್ರಂಪ್ ಅವರು ಹಿಂದಿಯಲ್ಲಿ ಒಂದು ಸಾಲು ಹೇಳಿದ ಜಾಹೀರಾತು ನೆನಪಿರಬಹುದು. ಮಕ್ಕಳ ಜೊತೆಗಿರಲು ಹೋಗಿ ಅಲ್ಲೇ ಪೌರರಾದ ದಾವಣಗೆರೆಯ ಅಜ್ಜಿಗೆ ಅದರಿಂದ ಏನೂ ಆಗುವುದಿಲ್ಲ. ಅವರಿಗೆ ಬೇಕಾದದ್ದನ್ನು ಕೊಡಬಲ್ಲ ಜಾಗ ನಿಮ್ಮ ಆ ನಾನೂರು ಜನರ ಗುಂಪು ಮಾತ್ರ. ನ್ಯಾಯಾಧೀಶರ ಹುದ್ದೆ, ಶಾಲಾ ಮಂಡಳಿ, ತೆರಿಗೆಯ ಪ್ರಸ್ತಾಪ ಎಂದು ಉದ್ದಕ್ಕೆ ಹೋಗುವ ಮತಪತ್ರವನ್ನು ಸಾಲುಸಾಲಾಗಿ ಕನ್ನಡದಲ್ಲಿ ವಿವರಿಸಿ ಹತ್ತು ನಿಮಿಷದ ಧ್ವನಿ ಸಂದೇಶ ಕಳಿಸಿದರೆ ಪೋಸ್ಟರಿಗಿಂತ ಅದು ಎಷ್ಟೋ ಪಾಲು ಮೇಲು.

ಅಜ್ಜಿ ಒಳಗೆ ಒಬ್ಬರೇ ಹೋಗಬೇಕಾಗಿಯೂ ಇಲ್ಲ. ಅದೇ ಕಾಯ್ದೆಯ 208ನೇ ಸೆಕ್ಷನ್ ಪ್ರಕಾರ, ಓದಲು ಬರೆಯಲು ಕಷ್ಟವಾದವರು ತಮಗೆ ಬೇಕಾದವರನ್ನು ನೆರವಿಗೆ ಕರೆದೊಯ್ಯಬಹುದು. ಕೆಲಸ ಕೊಟ್ಟ ಮಾಲೀಕರು ಮತ್ತು ತಮ್ಮ ಕಾರ್ಮಿಕ ಸಂಘದವರು ಮಾತ್ರ ಆಗಬಾರದು. ಇದು ಕಾಗದದ ಮೇಲಿನ ಹಕ್ಕಾಗಿಯೇ ಉಳಿಯದಂತೆ ನೋಡಿಕೊಂಡದ್ದು ಒಂದು ಭಾರತೀಯ ಕುಟುಂಬ. 2014ರಲ್ಲಿ ಆಸ್ಟಿನ್ ಪಕ್ಕದ ವಿಲಿಯಮ್ಸನ್ ಕೌಂಟಿಯಲ್ಲಿ ಬಂಗಾಳಿ ಮಾತಾಡುವ ತಾಯಿಯೊಬ್ಬರು ಮಗನನ್ನು ಜೊತೆಗೆ ಕರೆದುಕೊಂಡು ಮತಗಟ್ಟೆಗೆ ಹೋದರು. ಮಗನ ಹೆಸರು ಪಕ್ಕದ ಟ್ರಾವಿಸ್ ಕೌಂಟಿಯ ಪಟ್ಟಿಯಲ್ಲಿತ್ತು. ದುಭಾಷಿಯಾಗುವವರು ಅದೇ ಕೌಂಟಿಯ ಮತದಾರರಾಗಿರಬೇಕು ಎಂಬ ಟೆಕ್ಸಸ್ ನಿಯಮ ತೋರಿಸಿ ಅವನನ್ನು ತಡೆದರು. ತಾಯಿ ಮತಪತ್ರ ಪೂರ್ತಿ ಅರ್ಥವಾಗದೆಯೇ ಮತ ಹಾಕಿ ಬಂದರು. ಏಷ್ಯನ್ ಅಮೆರಿಕನ್ನರ ಸಂಘವೊಂದು ಮೊಕದ್ದಮೆ ಹೂಡಿತು, 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮ ಒಕ್ಕೂಟದ, ಅಂದರೆ ಕೇಂದ್ರದ, ಕಾಯ್ದೆಗೆ ವಿರುದ್ಧ ಎಂದಿತು. ತೀರ್ಪು ಕೇಳಲು ಆ ತಾಯಿ ಉಳಿದಿರಲಿಲ್ಲ. ಮತದಾನದ ಹಿಂದಿನ ದಿನ ಗುಂಪಿನಲ್ಲಿ ಏನಾದರೂ ಹಾಕಲೇಬೇಕೆಂದರೆ ಈ ಹಕ್ಕಿನ ಬಗ್ಗೆ ನಾಲ್ಕು ಸಾಲು ಹಾಕಿ.

ಈಗ ಎಚ್ಚರಿಕೆಯ ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಗುಂಪಿನಲ್ಲಿ ಪೌರರ ಜೊತೆ ಗ್ರೀನ್ ಕಾರ್ಡಿನವರು, ಎಚ್-1ಬಿ ಎಂಬ ಕೆಲಸದ ವೀಸಾದವರು, ವಿದ್ಯಾರ್ಥಿಗಳು ಎಲ್ಲರೂ ಇದ್ದಾರೆ. "ಎಲ್ಲರೂ ಈ ಲಿಂಕ್ ಒತ್ತಿ ರಿಜಿಸ್ಟರ್ ಆಗಿ" ಎಂದು ಹಾಕಿದರೆ ಯಾರೋ ಒಬ್ಬರು ನಂಬಿ ಒತ್ತುತ್ತಾರೆ. ಪೌರರಲ್ಲದವರು ಒಕ್ಕೂಟದ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ. ಪೌರನೆಂದು ಸುಳ್ಳು ಹೇಳಿ ನೋಂದಾಯಿಸಿಕೊಂಡರೂ ಗಡೀಪಾರಿನ ತನಕ ಹೋಗಬಹುದು. ಹತ್ತು ಹದಿನೈದು ವರ್ಷ ಗ್ರೀನ್ ಕಾರ್ಡಿಗೆ ಕಾದವರ ಬದುಕು ಒಂದು ಗುರುತಿನಲ್ಲಿ ಹೋಗುತ್ತದೆ. "ಅಮೆರಿಕದ ಪೌರರಿಗೆ ಮಾತ್ರ" ಎಂಬ ಮಾತು ಸಂದೇಶದ ಮೊದಲ ಸಾಲಿನಲ್ಲೇ ಇರಲಿ. ಯಾರದು ಯಾವ ವೀಸಾ ಎಂದು ಎಲ್ಲರೆದುರು ಕೇಳಲೂ ಬೇಡಿ. ಮತ ಹಾಕಿ ಬಂದವರಿಗೆ ಕಾಫಿ, ತಿಂಡಿ ಎಂದು ಪ್ರೀತಿಯಿಂದ ಘೋಷಿಸುವುದೂ ಒಕ್ಕೂಟದ ಚುನಾವಣೆಯಲ್ಲಿ ಕಾನೂನಿಗೆ ವಿರುದ್ಧ. ನಿಮ್ಮ ಊರಿನ ಕನ್ನಡ ಕೂಟ ತೆರಿಗೆ ವಿನಾಯಿತಿ ಪಡೆದ ಸೇವಾಸಂಸ್ಥೆಯಾಗಿ ನೋಂದಣಿಯಾಗಿದ್ದರೆ ಅದರ ಹೆಸರಿನಲ್ಲಿ ಅಭ್ಯರ್ಥಿಯ ಪರ ಮಾತಾಡುವಂತಿಲ್ಲ. ಪಕ್ಷಭೇದವಿಲ್ಲದೆ ಮತದಾನಕ್ಕೆ ಕರೆಯಬಹುದು. ಸುಳ್ಳಿನ ಬಗ್ಗೆ ಒಂದೇ ಮಾತು: 2016ರಲ್ಲಿ ಎಸ್‌ಎಂಎಸ್ ಮಾಡಿಯೇ ಮತ ಹಾಕಬಹುದು ಎಂಬ ನಕಲಿ ಚಿತ್ರಗಳು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಓಡಾಡಿದವು, ಸುಮಾರು 4,900 ಫೋನುಗಳಿಂದ ಆ ನಂಬರಿಗೆ ಸಂದೇಶ ಹೋಯಿತು. ಸರ್ಕಾರಿ ತಾಣದಲ್ಲಿ ಕಾಣದ್ದನ್ನು ಅಡ್ಮಿನ್ ಅಳಿಸಲಿ.

ನೀವು ಕೇಳಿದ್ದಕ್ಕೆ ಬರುತ್ತೇನೆ. ನಾನೂರು ಜನರಲ್ಲಿ ಇಪ್ಪತ್ತು ಮಂದಿ ಮುಂದೆ ಬಂದರೆ ಸಾಕು. ಒಬ್ಬೊಬ್ಬರಿಗೆ ತಮಗೆ ನಿಜವಾಗಿ ಪರಿಚಯ ಇರುವ ಹತ್ತು ಮನೆ. ಗುಂಪಿನಲ್ಲಿ ಬೇಡ, ಅವರವರಿಗೇ ಫೋನ್ ಮಾಡಿ. ನೋಂದಣಿ ಗಡುವಿಗೆ ತಿಂಗಳ ಮೊದಲು ಒಮ್ಮೆ, ಮುಂಗಡ ಮತದಾನ ಶುರುವಾದಾಗ ಇನ್ನೊಮ್ಮೆ. "ವೋಟ್ ಮಾಡ್ತೀರಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಅಕ್ಕಾ, ಯಾವ ದಿನ ಹೋಗ್ತೀರಿ? ಆಫೀಸಿಗೆ ಮೊದಲಾ, ಆಮೇಲಾ? ಅತ್ತೆಯವರನ್ನ ಯಾರು ಕರ್ಕೊಂಡು ಬರ್ತಾರೆ?" ಎಂದು ಕೇಳಿ. 2008ರಲ್ಲಿ ಪೆನ್ಸಿಲ್ವೇನಿಯಾದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಇಂಥ ಪ್ರಶ್ನೆಗಳನ್ನು ಫೋನಿನಲ್ಲಿ ಕೇಳಿ ನೋಡಿದಾಗ ಮತದಾನ ನೂರಕ್ಕೆ ನಾಲ್ಕರಷ್ಟು ಹೆಚ್ಚಿತ್ತು, ಅದೂ ಗುರುತಿಲ್ಲದವರು ಕೇಳಿ. ಸಣ್ಣ ಸಂಖ್ಯೆ ಎನ್ನಿಸಿದರೆ ಜಾರ್ಜಿಯಾವನ್ನು ನೆನಪಿಸಿಕೊಳ್ಳಿ. 2020ರ ಅಧ್ಯಕ್ಷರ ಚುನಾವಣೆಯಲ್ಲಿ ಇಡೀ ರಾಜ್ಯ ತೀರ್ಮಾನವಾದದ್ದು 11,779 ಮತಗಳಿಂದ. ಶಾಲಾ ಮಂಡಳಿಯ ಚುನಾವಣೆಗಳಂತೂ ಎಷ್ಟೋ ಸಲ ಒಂದು ಅಪಾರ್ಟ್‌ಮೆಂಟಿನ ಜನರಷ್ಟೇ ಅಂತರದಲ್ಲಿ ಮುಗಿಯುತ್ತವೆ.

ಕೊನೆಯದಾಗಿ, "ನಾನಿನ್ನೂ ಎಚ್-1ಬಿಯಲ್ಲಿದ್ದೇನೆ, ನನಗೇನು ಕೆಲಸ?" ಎಂದು ಕೇಳುವವರಿಗೆ. ನೀವು ಪ್ರಚಾರಕ್ಕೆ ದುಡ್ಡು ಕೊಡುವಂತಿಲ್ಲ, ಗ್ರೀನ್ ಕಾರ್ಡ್ ಬಂದಮೇಲೆ ಕೊಡಬಹುದು. ಟೆಕ್ಸಸ್‌ನಂಥ ಕಡೆ ಬೇರೆಯವರ ನೋಂದಣಿ ಅರ್ಜಿ ಸಂಗ್ರಹಿಸಲು ಕೌಂಟಿಯ ನೇಮಕ ಬೇಕು, ಅದು ನಿಮಗೆ ಸಿಗುವುದಿಲ್ಲ. ಸಂಬಳವಿಲ್ಲದೆ ಸ್ವಯಂಸೇವಕರಾಗಿ ದುಡಿಯಲು ಒಕ್ಕೂಟದ ಕಾನೂನು ಅಡ್ಡಬರುವುದಿಲ್ಲ. ಮತಪತ್ರ ಓದಿ ಕನ್ನಡದಲ್ಲಿ ಆ ಧ್ವನಿ ಸಂದೇಶ ಮಾಡಬಹುದು. ಪಕ್ಕದ ಬ್ಲಾಕಿನ ಅಜ್ಜಿಗೆ ಫೋನ್ ಮಾಡಿ, ಮಗ ಸೊಸೆ ಆಫೀಸಿಗೆ ಹೋದಮೇಲೆ ಹನ್ನೊಂದು ಗಂಟೆಗೆ ಕಾರು ತರುತ್ತೇನೆ, ಐಡಿ ಕಾರ್ಡ್ ಕೈಚೀಲದಲ್ಲಿ ಇಟ್ಟುಕೊಂಡಿರಿ ಅನ್ನಬಹುದು.